2024-25ರ ರಾಕ್, ಮೆಟಲ್ ಸಿಂಗಲ್‌ಗಳಲ್ಲಿ ಕೂತು ಕೇಳುವಂಥವು ಯಾವು?

ಹಳೇ_ರಿಫ್:
ಐರನ್ ಮೇಡನ್, ಜೂಡಸ್ ಪ್ರೀಸ್ಟ್, ಮೆಟಾಲಿಕಾ, 'ವಾಟರ್‌ಶೆಡ್' ಆಲ್ಬಮ್‌ವರೆಗಿನ ಓಪೆತ್ ಚೆನ್ನಾಗಿ ಗೊತ್ತು. ಆಮೇಲಿನದು ಅಷ್ಟಾಗಿ ಕೇಳಿಲ್ಲ. ಕಳೆದ ಎರಡು ವರ್ಷದಲ್ಲಿ ಬಂದ ಸಿಂಗಲ್‌ಗಳಲ್ಲಿ ಯಾವು ಕೇಳಬೇಕು, ಯಾಕೆ ಕೇಳಬೇಕು? ಬರೀ ಹೆಸರು ಕೊಟ್ಟರೆ ಸಾಲದು, ಹಾಡಲ್ಲಿ ಏನನ್ನ ಗಮನಿಸಬೇಕು ಅಂತಾನೂ ಹೇಳಿ.

ಜೊತೆಗೆ ಎರಡು ತೊಂದರೆ. ಹೊಸ ಹಾಡುಗಳೆಲ್ಲ ಬ್ಲೂಟೂತ್ ಇಯರ್‌ಬಡ್‌ನಲ್ಲಿ ಒಂದೇ ಗೋಡೆ ಥರ ಕೇಳ್ತವೆ. ಡಬಲ್ ಬಾಸ್ (ಎರಡೂ ಕಾಲಲ್ಲಿ ಬಾಸ್ ಡ್ರಮ್ ಬಾರಿಸೋದು) ಶುರುವಾದ್ರೆ ಗಿಟಾರ್ ಎಲ್ಲಿ, ಡ್ರಮ್ ಎಲ್ಲಿ ಅಂತ ಗೊತ್ತಾಗಲ್ಲ. ಬಾಸ್ ಬೂಸ್ಟರ್ ಹಾಕಿದ್ರೂ ಅಷ್ಟೇ. ರೆಕಾರ್ಡಿಂಗೇ ಹೀಗಾ? ಇನ್ನೊಂದು, ಆ್ಯಪ್‌ನ 'ನ್ಯೂ ರಿಲೀಸ್' ಪಟ್ಟಿಯಲ್ಲಿ ಕೇಳಿದ್ದ ಹಾಡೇ ತಿರುಗಿ ಬರುತ್ತೆ. ನಿಜವಾಗಿ ಹೊಸದನ್ನ ಹಿಡಿಯೋದು ಹೇಗೆ?

ಡ್ರಾಪ್_ಎ:
ಓಪೆತ್ ಗೊತ್ತಿದೆ ಅಂದ್ರೆ ಅವರ '§1' ಹಾಡಿನಿಂದಲೇ ಶುರು ಮಾಡಿ. 2008ರ 'ವಾಟರ್‌ಶೆಡ್' ಆದ್ಮೇಲೆ ಗಾಯಕ ಓಕರ್‌ಫೆಲ್ಟ್ ಸ್ಟುಡಿಯೋ ಆಲ್ಬಮ್‌ಗಳಲ್ಲಿ ಗ್ರೌಲ್ (ಗಂಟಲಿಂದ ಗುರುಗುಟ್ಟುವ ಹಾಡುಗಾರಿಕೆ) ಬಿಟ್ಟಿದ್ದರು. 2024ರಲ್ಲಿ ಈ ಹಾಡಿನ ಮೂಲಕ ಅದು ವಾಪಸ್ ಬಂತು. ಆದ್ರೆ ಹಳೆಯ ಓಪೆತ್ ಸಿಗುತ್ತೆ ಅಂದ್ಕೊಂಡು ಕೂತ್ಕೋಬೇಡಿ. ಆಲ್ಬಮ್ 'ದ ಲಾಸ್ಟ್ ವಿಲ್ ಅಂಡ್ ಟೆಸ್ಟಮೆಂಟ್' 2024ರ ನವೆಂಬರ್ 22ಕ್ಕೆ ಬಂತು. ಮೊದಲ ಮಹಾಯುದ್ಧದ ನಂತರ ಒಂದು ಶ್ರೀಮಂತ ಮನೆಯ ಯಜಮಾನ ಸತ್ತಿದ್ದಾನೆ, ಮಕ್ಕಳ ಮುಂದೆ ಉಯಿಲು ಓದ್ತಿದ್ದಾರೆ. ಏಳು ಹಾಡುಗಳಿಗೆ ಉಯಿಲಿನ ಪ್ಯಾರಾಗಳದ್ದೇ ಸಂಖ್ಯೆ. ಆ ಕಥೆಯಲ್ಲಿ ಗ್ರೌಲ್ ಒಂದು ಪಾತ್ರದ ದನಿ ಆಗಿಬಿಡುತ್ತೆ. ಡ್ರಮ್ಮರ್ ವಾಲ್ಟೆರಿ ವ್ಯಾಯ್ರ್ಯುನೆನ್ ಅವರಿಗೆ ಈ ಬ್ಯಾಂಡ್‌ನಲ್ಲಿ ಇದು ಮೊದಲ ಆಲ್ಬಮ್. ಎರಡನೇ ಸಲ ಕೇಳುವಾಗ ಗಿಟಾರ್ ಬಿಟ್ಟು ಅವರ ಸಿಂಬಲ್ ಕೆಲಸ ಒಂದನ್ನೇ ಹಿಂಬಾಲಿಸಿ. §1 ಕಥೆಯ ಬಾಗಿಲು ಮಾತ್ರ, ಒಂಟಿಯಾಗಿ ಕೇಳಿದ್ರೆ ಅರ್ಧಕ್ಕೇ ನಿಂತ ಹಾಗೆ ಅನಿಸುತ್ತೆ. ಹಾಗೇ §2ಕ್ಕೆ ಹೋಗಿ.

ಪ್ರೀಸ್ಟ್‌ನ 'ಪ್ಯಾನಿಕ್ ಅಟ್ಯಾಕ್' 2023ರ ಅಕ್ಟೋಬರ್‌ದು, ನೀವು ಕೇಳಿದ ಅವಧಿಗಿಂತ ಸ್ವಲ್ಪ ಹಿಂದೆ. ಆದ್ರೂ ಬಿಡೋ ಹಾಗಿಲ್ಲ. 1986ರ 'ಟರ್ಬೋ' ನೆನಪಿಸೋ ಸಿಂಥ್ ಸದ್ದಿನಿಂದ ಶುರುವಾಗಿ ನೇರ ಹೆವಿ ಮೆಟಲ್‌ಗೆ ಇಳಿಯುತ್ತೆ. ಗಾಯಕ ಹ್ಯಾಲ್‌ಫರ್ಡ್‌ಗೆ ಆಗ 72 ವರ್ಷ.

ಫ್ರೆಂಚ್ ಬ್ಯಾಂಡ್ ಗೋಜಿರಾದ 'ಮೇಯಾ ಕುಲ್ಪಾ (ಆ! ಸಾ ಇರಾ!)' ಖಂಡಿತ ಕೇಳಿ. 2024ರ ಜುಲೈ 26ರಂದು ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ, ಮರೀ ಆಂತ್ವಾನೆತ್ ಸೆರೆಯಲ್ಲಿದ್ದ ಕಾನ್ಸಿಯರ್ಜರಿ ಕಟ್ಟಡದ ಕಿಟಕಿಗಳಲ್ಲಿ ನಿಂತು ನುಡಿಸಿದ್ದು. ಫ್ರೆಂಚ್ ಕ್ರಾಂತಿಯ ಕಾಲದ ಬೀದಿ ಹಾಡಿನ ಧಾಟಿಯನ್ನ ಒಪೆರಾ ಗಾಯಕಿ ಮರೀನಾ ವಿಯೊಟ್ಟಿ ಹಾಡ್ತಾರೆ, ಕೆಳಗೆ ಬ್ಯಾಂಡ್‌ನ ರಿಫ್ (ಮತ್ತೆ ಮತ್ತೆ ಬರೋ ಗಿಟಾರ್ ಸಾಲು). ಒಪೆರಾ ದನಿ ಇರೋ ಮೆಟಲ್ ಬೇಕಾದಷ್ಟಿದೆ. ಆದ್ರೆ ಅಲ್ಲಿ ಸಾಮಾನ್ಯವಾಗಿ ಗಿಟಾರ್ ಹಿಂದೆ ಸರಿದು ದನಿಗೆ ಜಾಗ ಬಿಡುತ್ತೆ. ಇಲ್ಲಿ ಎರಡೂ ಎದುರುಬದುರು ನಿಲ್ತವೆ. 2025ರ ಫೆಬ್ರವರಿಯಲ್ಲಿ ಗ್ರ್ಯಾಮಿಯ ಮೆಟಲ್ ಪ್ರಶಸ್ತಿ ಇದಕ್ಕೇ ಬಂತು.

ಸ್ಲೀಪ್ ಟೋಕನ್‌ನ 'ಎಮರ್ಜೆನ್ಸ್' (ಮಾರ್ಚ್ 2025) ಆರು ನಿಮಿಷಕ್ಕೂ ಹೆಚ್ಚು: ಪಿಯಾನೋ, ರ್‍ಯಾಪ್‌ಗೆ ಹತ್ತಿರದ ಸಾಲುಗಳು, ಭಾರೀ ಬ್ರೇಕ್‌ಡೌನ್ (ವೇಗ ತಗ್ಗಿ ಪೆಟ್ಟು ಭಾರವಾಗೋ ಭಾಗ), ಕೊನೆಗೆ ಸ್ಯಾಕ್ಸೋಫೋನ್. ಮಧ್ಯದಲ್ಲಿ ನಿಲ್ಲಿಸಿ ತೀರ್ಪು ಕೊಡಬೇಡಿ. ನಾಕ್ಡ್ ಲೂಸ್ ಮತ್ತು ಪಾಪಿ ಸೇರಿ ಮಾಡಿದ 'ಸಫೊಕೇಟ್' (2024) ಇದಕ್ಕೆ ಪೂರ್ತಿ ಉಲ್ಟಾ. ಮೂರು ನಿಮಿಷವೂ ಇಲ್ಲ, ಉಸಿರಾಡೋಕೆ ಬಿಡಲ್ಲ, ಬ್ರೇಕ್‌ಡೌನ್‌ನಲ್ಲಿ ಲ್ಯಾಟಿನ್ ಡ್ಯಾನ್ಸ್ ಸಂಗೀತದ ರೆಗ್ಗೆಟಾನ್ ತಾಳ ನುಗ್ಗಿಸಿದಾರೆ. ಲಿಂಕಿನ್ ಪಾರ್ಕ್‌ನ 'ದ ಎಂಪ್ಟಿನೆಸ್ ಮಷೀನ್' (ಸೆಪ್ಟೆಂಬರ್ 2024) ಕೇಳುವಾಗ ಹೊಸ ಗಾಯಕಿ ಎಮಿಲಿ ಆರ್ಮ್‌ಸ್ಟ್ರಾಂಗ್ ಯಾವಾಗ ಬರ್ತಾರೆ ನೋಡಿ. ಮೊದಲ ಚರಣ, ಪಲ್ಲವಿ ಎರಡನ್ನೂ ಮೊದಲಿಂದ ಬ್ಯಾಂಡ್‌ನಲ್ಲಿರೋ ಮೈಕ್ ಶಿನೋಡಾ ಹಾಡಿದ ಮೇಲೇ ಅವರ ದನಿ. ಗೊತ್ತಿರೋ ದನಿಯನ್ನ ಮುಂದಿಟ್ಟು ಹೊಸದನ್ನ ಒಳಗೆ ಕರೆತಂದಿದ್ದು ಬಹಳ ಜಾಣ ಜೋಡಣೆ. ಡೆಫ್‌ಟೋನ್ಸ್‌ನ 'ಮೈ ಮೈಂಡ್ ಈಸ್ ಎ ಮೌಂಟನ್' (ಜುಲೈ 2025) ಚಿಕ್ಕದು, ನೇರ, ಮತ್ತೆ ಮತ್ತೆ ಹಾಕಿಕೊಳ್ಳೋ ಹಾಗಿದೆ.

ನಮ್ಮ ಕಡೆಯದು ಅಂದ್ರೆ ದೆಹಲಿಯ ಬ್ಲಡಿವುಡ್. 'ಬೇಖೌಫ್'ನಲ್ಲಿ ಜಪಾನಿನ ಬೇಬಿಮೆಟಲ್ ಜೊತೆಗಿದ್ದಾರೆ, 'ನು ಡೆಲ್ಲಿ' ಆಲ್ಬಮ್ 2025ರ ಮಾರ್ಚ್ 21ರದ್ದು. ಢೋಲ್‌ನ ದಪ್ಪ ಬದಿಯೂ ಬಾಸ್ ಡ್ರಮ್ಮೂ ಒಂದೇ ಕಂಪನದ ಜಾಗಕ್ಕೆ ಜಗಳ ಆಡ್ತವೆ. ಢೋಲ್ ಕೇಳಿಸೋದು ತೆಳು ಬದಿಯ ಮೇಲೆ ಬೀಳೋ ಕಡ್ಡಿಯ ಪೆಟ್ಟಿನಿಂದ. ಅದನ್ನ ಹುಡುಕಿ ಕೇಳಿ.

ಟ್ವಿನ್_ಲೀಡ್:
ಪಟ್ಟಿ ಚೆನ್ನಾಗಿದೆ, ಕ್ರಮ ಒಪ್ಪಲ್ಲ. ಪ್ರೀಸ್ಟ್, ಮೇಡನ್ ಕೇಳಿ ಬಂದವರಿಗೆ ಸ್ಲೀಪ್ ಟೋಕನ್ ಮೊದಲ ವಾರ ಕೊಡಬೇಡಿ ಗುರು. ಬೆಂಗಳೂರಿನ ಕ್ರಿಪ್ಟೋಸ್ ಹೆಸರೇ ಬಂದಿಲ್ವಲ್ಲ! 1998ರಿಂದ ಇರೋ ಬ್ಯಾಂಡ್, 2024ರಲ್ಲಿ 'ಡೆಸಿಮೇಟರ್' ಆಲ್ಬಮ್ ತಂದಿದೆ. ಎರಡು ಗಿಟಾರ್ ಜೊತೆಯಾಗಿ ನುಡಿಯೋ ಹಳೆಯ ಹೆವಿ ಮೆಟಲ್ ಬರವಣಿಗೆ, ಮೇಲೆ ಒರಟು ದನಿ. ನಿಮಗೆ ಇದು ಪರಿಚಿತ ನೆಲ. ಇದರಿಂದ ಪ್ರೀಸ್ಟ್‌ಗೆ, ಅಲ್ಲಿಂದ §1ಕ್ಕೆ, ಆಮೇಲೆ ಗೋಜಿರಾ. ಇಷ್ಟು ಕಿವಿಗೆ ಹತ್ತಿದ ಮೇಲೆ ಉಳಿದದ್ದು.

ಉದ್ದದ ಹಾಡಿಗೆ ತಾಳ್ಮೆ ಇದ್ರೆ ಬ್ಲಡ್ ಇನ್‌ಕ್ಯಾಂಟೇಶನ್‌ನ 'ದ ಸ್ಟಾರ್‌ಗೇಟ್'. 2024ರ ಅಕ್ಟೋಬರ್‌ನ 'ಆ್ಯಬ್ಸಲ್ಯೂಟ್ ಎಲ್ಸ್‌ವೇರ್' ಆಲ್ಬಮ್‌ನಲ್ಲಿ ಇರೋದೇ ಎರಡು ಹಾಡು, ಒಂದೊಂದೂ 20 ನಿಮಿಷದ ಆಸುಪಾಸು, ಒಂದೊಂದರಲ್ಲೂ ಮೂರು ಭಾಗ. ಬರ್ಲಿನ್‌ನ ಹನ್ಸಾ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದ್ದು. ಡೆತ್ ಮೆಟಲ್ ನಡುವೆ ಎಪ್ಪತ್ತರ ದಶಕದ ಜರ್ಮನ್ ಸಿಂಥ್ ಸಂಗೀತ ಹರಿದು ಬರುತ್ತೆ. ಶಫಲ್ ಆಫ್ ಮಾಡಿ, ಇಲ್ಲಾಂದ್ರೆ ಭಾಗಗಳು ಅಡ್ಡಾದಿಡ್ಡಿ ಬಂದು ಹಾಡು ಕೆಡುತ್ತೆ.

ಮಿಕ್ಸ್_ಡೆಸ್ಕ್:
ಸದ್ದಿನ ವಿಷಯಕ್ಕೆ ಬರ್ತೀನಿ. ಬಾಸ್ ಬೂಸ್ಟರ್ ಮೊದಲು ತೆಗೀರಿ, ತೊಂದರೆಯ ದೊಡ್ಡ ಪಾಲು ಅದೇ. 200 ಬಿಪಿಎಂ (ನಿಮಿಷಕ್ಕೆ 200 ಬೀಟ್) ವೇಗದಲ್ಲಿ ಡಬಲ್ ಬಾಸ್ ಒಂದು ಬೀಟ್‌ಗೆ ನಾಲ್ಕರಂತೆ ಓಡಿದ್ರೆ ಪೆಟ್ಟಿಂದ ಪೆಟ್ಟಿಗೆ 75 ಮಿಲಿಸೆಕೆಂಡ್, ಅಂದ್ರೆ ಸೆಕೆಂಡಿಗೆ 13ಕ್ಕೂ ಹೆಚ್ಚು ಪೆಟ್ಟು. 50 ಹರ್ಟ್ಸ್‌ನ ಒಂದು ಅಲೆ ಪೂರ್ತಿಯಾಗೋಕೇ 20 ಮಿಲಿಸೆಕೆಂಡ್ ಬೇಕು. ಆ ಜಾಗವನ್ನ 6 ಡಿಬಿ (ಡೆಸಿಬೆಲ್) ಎತ್ತಿಬಿಟ್ರೆ ಒಂದು ಪೆಟ್ಟಿನ ಬಾಲ ಆರೋ ಮೊದಲೇ ಮುಂದಿನದು ಬೀಳುತ್ತೆ, ಎಲ್ಲ ಸೇರಿ ಗುಂಯ್ ಅನ್ನುತ್ತೆ. ವೇಗದ ಪೆಟ್ಟನ್ನ ಕಿವಿ ಬಿಡಿಬಿಡಿಯಾಗಿ ಗುರುತಿಸೋದು 3ರಿಂದ 5 ಕಿಲೋಹರ್ಟ್ಸ್ ಹತ್ತಿರದ 'ಟಿಕ್' ಸದ್ದಿನಿಂದ. ಬೂಸ್ಟರ್ ಅದನ್ನೇ ಮುಚ್ಚಿಹಾಕುತ್ತೆ.

ಇನ್ನೊಂದು ಕಾರಣ ಟ್ಯೂನಿಂಗ್. ಸ್ಟ್ಯಾಂಡರ್ಡ್‌ನಲ್ಲಿ ಗಿಟಾರಿನ ದಪ್ಪ ತಂತಿ 82 ಹರ್ಟ್ಸ್. ಡ್ರಾಪ್ ಎ (ದಪ್ಪ ತಂತಿಯನ್ನ ಕೆಳಗಿನ ಎ ಸ್ವರಕ್ಕೆ ಇಳಿಸಿದ್ದು) ಅಂದ್ರೆ 55. ಎಂಟು ತಂತಿಯದ್ದಾದ್ರೆ 46. ಮೊದಲು ಬಾಸ್ ಗಿಟಾರ್ ಇದ್ದ ಜಾಗದಲ್ಲಿ ಈಗ ಗಿಟಾರ್ ಕೂತಿದೆ. ಹಾಗಾಗಿ ಹಳೆಯ ಮೇಡನ್‌ಗೆ ಸರಿಹೋಗ್ತಿದ್ದ ಸೆಟ್ಟಿಂಗ್ ಈಗಿನ ಹಾಡಿಗೆ ಕೆಸರಾಗುತ್ತೆ.

ಈ ಕ್ರಮದಲ್ಲಿ ನೋಡ್ತಾ ಹೋಗಿ. ಹಾಡು ಓಡ್ತಿರುವಾಗ ಇಯರ್‌ಬಡ್‌ನ ಬೆರಳಿಂದ ಮೆಲ್ಲಗೆ ಒಳಗೆ ಒತ್ತಿ. ಬಾಸ್ ಒಮ್ಮೆಲೇ ಜಾಸ್ತಿಯಾಯ್ತಾ? ರಬ್ಬರ್ ಟಿಪ್ ಚಿಕ್ಕದಾಗಿದೆ, ಒಂದು ಸೈಜ್ ದೊಡ್ಡದು ಹಾಕಿ. ಸೀಲ್ ಬಿಟ್ಟಿದ್ರೆ 100 ಹರ್ಟ್ಸ್ ಕೆಳಗಿನದು 10 ಡಿಬಿಗೂ ಹೆಚ್ಚು ಸೋರುತ್ತೆ, ಅದಕ್ಕೇ ಜನ ಬೂಸ್ಟರ್ ಮೊರೆ ಹೋಗೋದು. ಆಮೇಲೆ '3ಡಿ', 'ಸ್ಪೇಷಿಯಲ್' ಥರದ್ದೆಲ್ಲ ಆಫ್ ಮಾಡಿ, ಫೋನಿನ ಆ್ಯಕ್ಸೆಸಿಬಿಲಿಟಿಯಲ್ಲಿ 'ಮೋನೋ ಆಡಿಯೋ' ಆನ್ ಇದೆಯಾ ನೋಡಿ. ಮೆಟಲ್‌ನಲ್ಲಿ ಒಂದೇ ರಿಫ್ಫನ್ನ ಎರಡು ಸಲ ನುಡಿಸಿ ಒಂದನ್ನ ಪೂರ್ತಿ ಎಡಕ್ಕೆ, ಇನ್ನೊಂದನ್ನ ಪೂರ್ತಿ ಬಲಕ್ಕೆ ಇಡ್ತಾರೆ. ನಡುವಿನ ಖಾಲಿ ಜಾಗ ಬಾಸ್ ಡ್ರಮ್, ಸ್ನೇರ್, ಹಾಡುಗಾರರಿಗೆ. ಎರಡೂ ಗಿಟಾರ್ ಮಧ್ಯಕ್ಕೆ ಬಂದ್ರೆ ನೀವು ಹೇಳಿದ ಗೋಡೆ ಎದ್ದಿತು ಅಂತಲೇ ಲೆಕ್ಕ.

ಇಕ್ವಲೈಸರ್ ಕೊನೆಗೆ. 250-300 ಹರ್ಟ್ಸ್‌ನಲ್ಲಿ 2ರಿಂದ 3 ಡಿಬಿ ಇಳಿಸಿ, 4 ಕಿಲೋಹರ್ಟ್ಸ್‌ನಲ್ಲಿ ಒಂದೂವರೆ ಏರಿಸಿ, ಏರಿಸಿದಷ್ಟನ್ನ ಪ್ರೀಆಂಪ್‌ನಲ್ಲಿ (ಇಕ್ವಲೈಸರ್‌ನ ಒಟ್ಟು ಮಟ್ಟ ಬದಲಿಸೋ ಸೆಟ್ಟಿಂಗ್) ಕಳೀರಿ. ಕಳೀದಿದ್ರೆ ಮೊದಲೇ ತುದಿ ಮುಟ್ಟಿರೋ ಮಾಸ್ಟರ್ (ಬಿಡುಗಡೆಗೆ ಸಿದ್ಧವಾದ ಕೊನೆಯ ರೆಕಾರ್ಡಿಂಗ್) ಒಡೆದು ಕರಕರ ಅನ್ನುತ್ತೆ. ಪ್ರೀಆಂಪ್ ಇಲ್ಲದ ಆ್ಯಪ್ ಆದ್ರೆ ಏರಿಸೋದೇ ಬೇಡ, ಇಳಿಸೋದು ಮಾತ್ರ.

ವಾಲ್ಯೂಮ್ ನಾರ್ಮಲೈಸೇಶನ್ (ಎಲ್ಲ ಹಾಡನ್ನೂ ಒಂದೇ ಜೋರಿಗೆ ತರೋದು) ಆನ್ ಇರಲಿ. ಸ್ಪಾಟಿಫೈ 'ನಾರ್ಮಲ್'ನಲ್ಲಿ ಹಾಡನ್ನ ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಸದ್ದಿನ ಜೋರಿನ ಅಳತೆ) ತರುತ್ತೆ. ಈಗಿನ ಮೆಟಲ್ ಮಾಸ್ಟರ್‌ಗಳು ಸಾಮಾನ್ಯವಾಗಿ ಮೈನಸ್ 6ರಿಂದ 9ರಲ್ಲಿ ಇರ್ತವೆ, ಹಾಗಾಗಿ 5ರಿಂದ 8 ಡಿಬಿ ಇಳಿಯುತ್ತೆ. ಆಫ್ ಮಾಡಿದ್ರೆ ಹೊಸ ಹಾಡು ಕಿರುಚಿ ಹಳೆಯದು ಸಪ್ಪೆಯಾಗಿ, ಹೋಲಿಕೆಯೇ ತಪ್ಪುತ್ತೆ.

ಇಷ್ಟೆಲ್ಲ ಮಾಡಿದ ಮೇಲೂ ಸ್ನೇರ್ ಪೆಟ್ಟಿಗೆ ಎದೆ ಇಲ್ಲ, ಸಿಂಬಲ್ ಸದ್ದು ಚೂರುಚೂರು ಅಂದ್ರೆ ಅದು ರೆಕಾರ್ಡಿಂಗ್‌ದೇ ದೋಷ. ಲಿಮಿಟರ್‌ನಲ್ಲಿ (ಸದ್ದಿನ ತುದಿಗಳನ್ನ ಅದುಮೋ ಸಾಧನ) ಅರೆದು ಹಾಕಿದ್ದನ್ನ ಕೇಳುವವರು ಸರಿಮಾಡೋಕೆ ಆಗಲ್ಲ. ಮೆಟಾಲಿಕಾದ 2008ರ 'ಡೆತ್ ಮ್ಯಾಗ್ನೆಟಿಕ್' ಸಿ.ಡಿ. ಕೇಳಿದವರಿಗೆ ಇದು ಗೊತ್ತು.

ಶುಕ್ರವಾರ_ಪಟ್ಟಿ:
ಹಳೆ ಹಾಡು ತಿರುಗಿ ಬರೋದಕ್ಕೆ ಕಾರಣ 'ವಾಟರ್‌ಫಾಲ್' ಬಿಡುಗಡೆ. ಬ್ಯಾಂಡ್ ಎರಡನೇ ಸಿಂಗಲ್ ಬಿಡುವಾಗ ಮೊದಲನೆಯದನ್ನೂ ಅದರೊಳಗೆ ಸೇರಿಸುತ್ತೆ, ಮೂರನೆಯದರಲ್ಲಿ ಹಿಂದಿನ ಎರಡೂ ಇರ್ತವೆ. ಹಳೆ ಹಾಡಿನ ಎಣಿಕೆ ಹಾಗೇ ಮುಂದುವರಿಯುತ್ತೆ, ಆ್ಯಪ್ ಮಾತ್ರ ಪೂರ್ತಿ ಪೊಟ್ಟಣವನ್ನ ಹೊಸದು ಅಂತ ತೋರಿಸುತ್ತೆ. ನಾಲ್ಕು ಹಾಡಿನ 'ಸಿಂಗಲ್' ಕಂಡ್ರೆ ಸಾಮಾನ್ಯವಾಗಿ ಮೊದಲನೆಯದು ಮಾತ್ರ ಹೊಸದು. ಹೆಸರಿನ ಪಕ್ಕ ಲೈವ್, ರೀಮಾಸ್ಟರ್, ಎಡಿಟ್ ಅಂತಿದೆಯಾ ಅಂತಲೂ ನೋಡಿ.

2015ರ ಜುಲೈ 10ರಿಂದ ಆಲ್ಬಮ್‌ಗಳ ಜಾಗತಿಕ ದಿನ ಶುಕ್ರವಾರ. ಸಿಂಗಲ್‌ಗಳು ವಾರದ ಯಾವ ದಿನವಾದ್ರೂ ಬರ್ತವೆ. ಆದ್ದರಿಂದ ಆ್ಯಪ್‌ನ ಪಟ್ಟಿ ನಂಬೋದಕ್ಕಿಂತ ಲೇಬಲ್‌ಗಳ ಯೂಟ್ಯೂಬ್ ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗೋದು ಮೇಲು: ನ್ಯೂಕ್ಲಿಯರ್ ಬ್ಲಾಸ್ಟ್, ಸೆಂಚುರಿ ಮೀಡಿಯಾ, ಮೆಟಲ್ ಬ್ಲೇಡ್, ರಿಲ್ಯಾಪ್ಸ್. ಬ್ಯಾಂಡ್ ನಿಜವಾಗಿ ಇದೆಯಾ ಅಂತಲೂ ಪರೀಕ್ಷಿಸಿ. 2025ರಲ್ಲಿ ವೆಲ್ವೆಟ್ ಸನ್‌ಡೌನ್ ಅನ್ನೋ ರಾಕ್ 'ಬ್ಯಾಂಡ್' ಸ್ಪಾಟಿಫೈನಲ್ಲಿ ತಿಂಗಳಿಗೆ ಹತ್ತು ಲಕ್ಷ ಕೇಳುಗರನ್ನ ದಾಟಿದ ಮೇಲೆ, ಎಐ ಸಹಾಯದಿಂದ ಮಾಡಿದ್ದು ಅಂತ ಅದರ ಪುಟದಲ್ಲೇ ಬಂತು. ಡ್ರಮ್ಮರ್ ಯಾರು, ಎಲ್ಲಿ ರೆಕಾರ್ಡ್ ಆಯ್ತು, ಕಛೇರಿ ಎಲ್ಲಾದ್ರೂ ಕೊಟ್ಟಿದ್ದಾರಾ ಅಂತ ಹುಡುಕಿದ್ರೆ ತಿಳಿಯುತ್ತೆ. ಒಂದೇ ಹೆಸರಿನ ಹತ್ತಾರು ಬ್ಯಾಂಡ್ ಇದ್ದಾಗ ಮೆಟಲ್ ಬ್ಯಾಂಡ್‌ಗಳ ಮಾಹಿತಿ ತಾಣ ಮೆಟಲ್ ಆರ್ಕೈವ್ಸ್‌ನಲ್ಲಿ ದೇಶ ನೋಡಿ ಬೇರ್ಪಡಿಸಿ. ಆದ್ರೆ ಅಲ್ಲಿ ಲಿಂಕಿನ್ ಪಾರ್ಕ್ ಥರದವರು ಸಿಗಲ್ಲ, ಅವರ ನಿಯಮ ಕಟ್ಟುನಿಟ್ಟು.

ದುಡ್ಡು ಕೊಟ್ಟು ಕೊಳ್ಳೋದಾದ್ರೆ ಬ್ಯಾಂಡ್‌ಕ್ಯಾಂಪ್, ಬ್ಯಾಂಡ್‌ಗಳಿಂದ ನೇರವಾಗಿ ಕೊಳ್ಳೋ ತಾಣ. ಡಿಜಿಟಲ್‌ಗೆ 15%, ವಸ್ತುಗಳಿಗೆ 10% ಅವರು ಹಿಡಿದುಕೊಳ್ತಾರೆ, 'ಬ್ಯಾಂಡ್‌ಕ್ಯಾಂಪ್ ಫ್ರೈಡೇ' ದಿನ ಆ ಪಾಲನ್ನ ಬಿಟ್ಟುಕೊಡ್ತಾರೆ. ಅದು ಅಮೆರಿಕದ ಪಶ್ಚಿಮ ತೀರದ ಗಡಿಯಾರದ ಪ್ರಕಾರ, ಅಂದ್ರೆ ನಮಗೆ ಶುಕ್ರವಾರ ಮಧ್ಯಾಹ್ನ 12:30ಕ್ಕೆ ಶುರು, ಚಳಿಗಾಲದಲ್ಲಿ 1:30ಕ್ಕೆ. ಬೆಳಿಗ್ಗೆಯೇ ಕೊಂಡ್ರೆ ಬ್ಯಾಂಡ್‌ಗೆ ಆ ಲಾಭ ಸಿಗಲ್ಲ. ಕಾರ್ಡ್‌ನಲ್ಲಿ ಅಂತರರಾಷ್ಟ್ರೀಯ ಪಾವತಿ ಮೊದಲೇ ಆನ್ ಮಾಡಿಡಿ, ಹೊಸ ಕಾರ್ಡ್‌ನಲ್ಲಿ ಸಾಮಾನ್ಯವಾಗಿ ಅದು ಆಫ್ ಇರುತ್ತೆ.

ಹಳೇ_ರಿಫ್:
ತುಂಬಾ ಉಪಕಾರ ಆಯ್ತು ಎಲ್ಲರಿಂದ. ಮಿಕ್ಸ್_ಡೆಸ್ಕ್ ಸರ್, ಬ್ಯಾಂಡ್‌ಕ್ಯಾಂಪ್‌ನಲ್ಲಿ ಫ್ಲ್ಯಾಕ್ (ಗುಣಮಟ್ಟ ಕಳೆಯದ ಫೈಲ್) ತಗೊಂಡು ಇದೇ ಇಯರ್‌ಬಡ್‌ನಲ್ಲಿ ಕೇಳಿದ್ರೆ ವ್ಯತ್ಯಾಸ ಸಿಗುತ್ತಾ?

ಮಿಕ್ಸ್_ಡೆಸ್ಕ್:
ಸ್ವಲ್ಪ. ಲಾಸ್‌ಲೆಸ್ (ಗುಣಮಟ್ಟ ಕಳೆಯದ) ಅಲ್ಲದ ಸ್ಟ್ರೀಮಿಂಗ್‌ನಲ್ಲಿ ಹಾಡು ಒಮ್ಮೆ ಕುಗ್ಗಿರುತ್ತೆ, ಬ್ಲೂಟೂತ್ ಇನ್ನೊಮ್ಮೆ ಕುಗ್ಗಿಸುತ್ತೆ. ಫ್ಲ್ಯಾಕ್ ಹಾಕಿದ್ರೆ ಮೊದಲ ನಷ್ಟ ತಪ್ಪುತ್ತೆ, ಎರಡನೆಯದು ಇದ್ದೇ ಇರುತ್ತೆ. ಎಸ್‌ಬಿಸಿ ಕೋಡೆಕ್ (ಬ್ಲೂಟೂತ್ ಸದ್ದನ್ನ ಕುಗ್ಗಿಸೋ ಮಾಮೂಲಿ ವಿಧಾನ) ಸಾಮಾನ್ಯವಾಗಿ 328 ಕೆಬಿಪಿಎಸ್‌ಗಿಂತ ಮೇಲೆ ಹೋಗಲ್ಲ. ಫೋನಲ್ಲೂ ಇಯರ್‌ಬಡ್‌ನಲ್ಲೂ ಎಲ್‌ಡಿಎಸಿ ಅನ್ನೋ ಕೋಡೆಕ್ ಇದ್ರೆ 660 ಅಥವಾ 990ಕ್ಕೆ ಇಟ್ಟು ನೋಡಿ, ಜನಜಂಗುಳಿಯಲ್ಲಿ 990 ಕಡಿದು ಕಡಿದು ಬಂದ್ರೆ 660 ಸಾಕು. ವ್ಯತ್ಯಾಸ ಹುಡುಕಬೇಕಾದ್ದು ಸಿಂಬಲ್ ಆರುವ ಕೊನೆಯಲ್ಲಿ, ಬಾಸ್‌ನಲ್ಲಲ್ಲ. ಅದಕ್ಕಿಂತ ಹೆಚ್ಚು ಫಲ ಕೊಡೋದು ತಂತಿ ಇಯರ್‌ಫೋನ್ ಮತ್ತು ಡಿಎಸಿ (ಡಿಜಿಟಲ್ ಸದ್ದನ್ನ ಅನಲಾಗ್ ಮಾಡೋ ಚಿಪ್) ಇರೋ ಯುಎಸ್‌ಬಿ-ಸಿ ಡಾಂಗಲ್. ಕೊಳ್ಳುವಾಗ 16 ಬಿಟ್ ಫ್ಲ್ಯಾಕ್ ಸಾಕು, 24 ಬಿಟ್‌ಗೆ ಅಂತ ಹೆಚ್ಚು ದುಡ್ಡು ಹಾಕಬೇಡಿ.