ಶೆಡ್‌ಗೆ ಎಳೆದ ನೆಟ್‌ವರ್ಕ್ ಕೇಬಲ್ ಮುಟ್ಟಿದರೆ ಷಾಕ್ ಹೊಡೆಯುತ್ತಿದೆ

ಹಿತ್ತಲಬಾಗಿಲು:
ಮನೆಯ ನೆಟ್‌ವರ್ಕ್ ಸ್ವಿಚ್‌ನಿಂದ ಹಿತ್ತಲಿನ ಶೆಡ್‌ವರೆಗೆ ಶೀಲ್ಡ್ (ತಂತಿಗಳ ಸುತ್ತ ಲೋಹದ ಹಾಳೆ) ಇರುವ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆದಿದ್ದೇನೆ. ಉದ್ದ ಸುಮಾರು 40 ಮೀಟರ್. ಶೆಡ್‌ಗೆ ಕರೆಂಟ್ ಹೋಗಿರುವ ಪಿವಿಸಿ ಪೈಪಿನಲ್ಲಿಯೇ ಜಾಗವಿತ್ತು, ಅದರಲ್ಲೇ ತೂರಿಸಿದೆ. ಎರಡೂ ತುದಿಗೆ ಲೋಹದ ಕವಚದ ಆರ್‌ಜೆ45 ಕನೆಕ್ಟರ್ ಹಾಕಿದ್ದೇನೆ. ಶೆಡ್ಡಿನ ಸ್ವಿಚ್‌ಗೆ ಕನೆಕ್ಟರ್ ಸಿಕ್ಕಿಸುವಾಗ ಸಣ್ಣ ಕಿಡಿ ಹಾರುತ್ತದೆ. ಒಂದು ಕೈ ಸ್ವಿಚ್ಚಿನ ಲೋಹದ ಪೆಟ್ಟಿಗೆಯ ಮೇಲಿದ್ದು ಇನ್ನೊಂದು ಕೈ ಕನೆಕ್ಟರ್‌ಗೆ ತಗುಲಿದರೆ ಮೊಣಕೈವರೆಗೆ ಜುಮ್ಮೆನ್ನುತ್ತದೆ. ಸಂಪರ್ಕವೂ ಆಗಾಗ ಕಡಿದುಹೋಗುತ್ತದೆ. ಕೇಬಲ್ ಟೆಸ್ಟರ್‌ನಲ್ಲಿ ಎಲ್ಲ ದೀಪಗಳೂ ಸರಿಯಾದ ಕ್ರಮದಲ್ಲಿ ಬೆಳಗುತ್ತವೆ. ಕನೆಕ್ಟರ್ ಒತ್ತಿ ಕೂರಿಸಿದ್ದು (ಕ್ರಿಂಪಿಂಗ್) ಸರಿಯಾಗಿಲ್ಲವೇ?

ಜೋಡಿತಂತಿ:
ಸ್ವಿಚ್ ಪಿಒಇ (ನೆಟ್‌ವರ್ಕ್ ಕೇಬಲ್ ಮೂಲಕವೇ ಉಪಕರಣಕ್ಕೆ ವಿದ್ಯುತ್ ಕೊಡುವ ವ್ಯವಸ್ಥೆ) ಇರುವಂಥದ್ದೇ? ಹಾಗಿದ್ದರೆ ಕೇಬಲ್‌ನಲ್ಲಿ 50 ವೋಲ್ಟ್ ಆಸುಪಾಸು ಇರುತ್ತದೆ, ಅದೇ ತಗುಲುತ್ತಿರಬಹುದು. ಶೆಡ್ಡಿನ ತುದಿಯಲ್ಲಿ ಶೀಲ್ಡ್ ಕತ್ತರಿಸಿ ಪ್ಲಾಸ್ಟಿಕ್ ಕನೆಕ್ಟರ್ ಹಾಕಿ ನೋಡಿ, ಜುಮ್ಮೆನ್ನುವುದು ನಿಲ್ಲುತ್ತದೆ.

ಮೂರನೇಪಿನ್:
ದಯವಿಟ್ಟು ಕತ್ತರಿಸಬೇಡಿ. ಜುಮ್ಮೆನ್ನುವುದು ನಿಲ್ಲುತ್ತದೆ ನಿಜ, ದೋಷ ಮಾತ್ರ ಶೆಡ್‌ನಲ್ಲೇ ಉಳಿಯುತ್ತದೆ. ನಾಳೆ ಅದೇ ಪೆಟ್ಟಿಗೆಯನ್ನು ಮುಟ್ಟುವವರು ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತಿದ್ದರೆ?

ಇದು ಪಿಒಇ ಅಲ್ಲ. ನಿಯಮಬದ್ಧ ಪಿಒಇ ಸ್ವಿಚ್, ಎದುರಿನ ಉಪಕರಣದಲ್ಲಿ ಸುಮಾರು 25 ಕಿಲೋಓಮ್ ಗುರುತಿನ ಪ್ರತಿರೋಧ ಕಂಡ ಮೇಲೆಯೇ ವಿದ್ಯುತ್ ಕೊಡುತ್ತದೆ. ಅದೂ ಡಿಸಿ, ತಂತಿಗಳ ಜೋಡಿಗಳ ನಡುವೆ ಮಾತ್ರ, ಹೊರಗಿನ ಕವಚದಲ್ಲಿ ಅಲ್ಲ. ಏನನ್ನೂ ಕೇಳದೆ ವಿದ್ಯುತ್ ಸುರಿಯುವ ಅಗ್ಗದ ಇಂಜೆಕ್ಟರ್‌ಗಳ ಕಥೆ ಬೇರೆ.

ಹಿತ್ತಲಬಾಗಿಲು ಅವರೇ, ಕೈಯಿಂದ ಪರೀಕ್ಷಿಸುವುದನ್ನು ಇಲ್ಲಿಗೇ ನಿಲ್ಲಿಸಿ. ಕನೆಕ್ಟರ್ ಸಿಕ್ಕಿಸದೆ, ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು, ಕನೆಕ್ಟರ್‌ನ ಕವಚಕ್ಕೂ ಶೆಡ್ಡಿನ ಸ್ವಿಚ್ ಪೆಟ್ಟಿಗೆಗೂ ನಡುವೆ ಎಷ್ಟಿದೆ ನೋಡಿ. ಪ್ರೋಬ್‌ಗಳ ಪ್ಲಾಸ್ಟಿಕ್ ಹಿಡಿಯನ್ನು ಮಾತ್ರ ಹಿಡಿಯಿರಿ.

ಹಿತ್ತಲಬಾಗಿಲು:
108 ವೋಲ್ಟ್ ತೋರಿಸುತ್ತಿದೆ! ನಮ್ಮ ಸರಬರಾಜು 230 ವೋಲ್ಟ್. ಪಿಒಇ ಸ್ವಿಚ್ ಅಲ್ಲ.

ಮೂರನೇಪಿನ್:
ಸರಬರಾಜಿನ ಹೆಚ್ಚುಕಡಿಮೆ ಅರ್ಧ. ಶೆಡ್ಡಿನ ಸಾಕೆಟ್‌ನಲ್ಲಿ ಅರ್ತಿಂಗ್ ಇಲ್ಲ, ಅಥವಾ ಎಲ್ಲೋ ಸಡಿಲವಾಗಿದೆ ಎಂಬುದು ನನ್ನ ಬಲವಾದ ಅನುಮಾನ. ಸ್ವಿಚ್, ಕಂಪ್ಯೂಟರ್ ಇವುಗಳ ವಿದ್ಯುತ್ ಘಟಕದಲ್ಲಿ ಫೇಸ್‌ನಿಂದ ಪೆಟ್ಟಿಗೆಗೆ ಒಂದು, ನ್ಯೂಟ್ರಲ್‌ನಿಂದ ಪೆಟ್ಟಿಗೆಗೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ, ವಿದ್ಯುತ್ತಿನ ಗದ್ದಲ ಸೋಸುವುದಕ್ಕೆ. ಅರ್ತಿಂಗ್ ಸರಿಯಾಗಿದ್ದರೆ ಆ ಸೋರಿಕೆ ಸದ್ದಿಲ್ಲದೆ ಭೂಮಿಗೆ ಹೋಗುತ್ತದೆ. ಇಲ್ಲದಿದ್ದರೆ ಪೆಟ್ಟಿಗೆಯ ವೋಲ್ಟೇಜ್ ಫೇಸ್, ನ್ಯೂಟ್ರಲ್ ಎರಡರ ನಡುವೆ ತೇಲುತ್ತದೆ. ಮನೆಯಿಂದ ಬಂದ ನಿಮ್ಮ ಶೀಲ್ಡ್ ಅಲ್ಲಿನ ಸ್ವಿಚ್ಚಿನ ಮೂಲಕ ಅರ್ತಿಂಗ್‌ಗೆ ಸೇರಿದೆ. ಆದ್ದರಿಂದ ಶೆಡ್‌ನಲ್ಲಿ ಕನೆಕ್ಟರ್ ಸಿಕ್ಕಿಸಿದ ಕ್ಷಣ ಕಿಡಿ.

ಮೀಟರ್ ವೋಲ್ಟೇಜ್ ಹೇಳುತ್ತದೆಯೇ ಹೊರತು ಅದರ ಹಿಂದೆ ಎಷ್ಟು ಕರೆಂಟ್ ಹರಿಯಬಲ್ಲದು ಎಂದು ಹೇಳುವುದಿಲ್ಲ. ಸಾಮಾನ್ಯವಾಗಿ ಈ ಸೋರಿಕೆ ಮಿಲಿಆಂಪಿಯರ್ ಲೆಕ್ಕದ್ದು. ಹಾಗೆಂದು ನಿರಾಳವಾಗಬೇಡಿ. ಶೆಡ್‌ನಲ್ಲಿ ಯಾವುದಾದರೂ ಉಪಕರಣದೊಳಗಿನ ಫೇಸ್ ತಂತಿ ನೇರವಾಗಿ ಅದರ ಲೋಹದ ಪೆಟ್ಟಿಗೆಗೆ ತಗುಲಿತು ಎಂದಿಟ್ಟುಕೊಳ್ಳಿ. ಅಷ್ಟೂ ಕರೆಂಟ್‌ಗೆ ಭೂಮಿ ಸೇರುವ ದಾರಿ ಯಾವುದು? ನಿಮ್ಮ ನೆಟ್‌ವರ್ಕ್ ಕೇಬಲ್ಲಿನ ತೆಳು ಹಾಳೆ, ಅದರ ಜೊತೆಗಿನ ಕೂದಲೆಳೆಯಂಥ ತಂತಿ. ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಆರುವ ಸ್ವಿಚ್) ಬೀಳುವ ಮೊದಲೇ ಅದು ಕಾಯ್ದು ಉರಿಯಬಹುದು, ಅದೂ ಕರೆಂಟ್ ತಂತಿಗಳಿರುವ ಪೈಪಿನೊಳಗೆ.

ಹೀಗಾಗಿ ಆ ಪೈಪೇ ನನಗೆ ಕಿಡಿಗಿಂತ ದೊಡ್ಡ ಚಿಂತೆ. ಕರೆಂಟ್ ತಂತಿಗಳಿರುವ ಪೈಪಿನಲ್ಲಿ ಡೇಟಾ ಕೇಬಲ್ ಇರಲೇಕೂಡದು. ಎಳೆಯುವಾಗ ಉಜ್ಜಿ ಹಳೆಯ ತಂತಿಯ ನಿರೋಧಕ ಹೊದಿಕೆ ಸುಲಿದಿದ್ದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಸಂಪರ್ಕ ಕಡಿಯುವುದಕ್ಕೂ ಇದೇ ಕಾರಣವಿದ್ದೀತು. ಉದ್ದದ ತೊಂದರೆಯಂತೂ ಇಲ್ಲ, 100 ಮೀಟರ್‌ವರೆಗೆ ಅವಕಾಶವಿದೆ.

ಈಗ ಮಾಡಬೇಕಾದದ್ದು: ಮನೆಯ ತುದಿಯಿಂದಲೂ ಕೇಬಲ್ ಕಳಚಿ, ಶೆಡ್ಡಿನ ಸರಬರಾಜನ್ನು ಮುಖ್ಯ ಫಲಕದಲ್ಲೇ ಆರಿಸಿ, ಅರ್ತಿಂಗ್ ಮತ್ತು ಆ ಪೈಪಿನ ತಂತಿಗಳ ನಿರೋಧಕತೆಯನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದ ಅಳತೆ ಮಾಡಿಸಿ. ಸಾಕೆಟ್‌ನಲ್ಲಿ ಮೂರು ರಂಧ್ರ ಕಂಡಿತೆಂದು ಅರ್ತಿಂಗ್ ಇದೆ ಎಂದುಕೊಳ್ಳಬೇಡಿ. ಫಲಕದಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಡಿ (ಕರೆಂಟ್ ಭೂಮಿಗೆ ಸೋರಿದರೆ ಸರಬರಾಜು ಕಡಿಯುವ ಸಾಧನ) ಇದೆಯೇ ಎಂಬುದನ್ನೂ ಕೇಳಿ.

ಜೋಡಿತಂತಿ:
ಶೀಲ್ಡ್ ಕತ್ತರಿಸುವ ನನ್ನ ಸಲಹೆಯನ್ನು ಯಾರೂ ಪಾಲಿಸಬೇಡಿ. ಆದರೆ ಒಂದು ಅನುಮಾನ. ಅರ್ತಿಂಗ್ ಸರಿಯಾದ ಮೇಲೆ ಶೀಲ್ಡ್ ಇಲ್ಲದ ಯುಟಿಪಿ ಕೇಬಲ್ ಎಳೆದರೆ ಸಾಲದೇ? ಪೋರ್ಟ್‌ಗಳಲ್ಲಿ 1500 ವೋಲ್ಟ್‌ವರೆಗೆ ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರ್ ಇರುತ್ತದಲ್ಲ.

ಮೂರನೇಪಿನ್:
ಒಂದೇ ಕಟ್ಟಡದೊಳಗಾದರೆ ಧಾರಾಳವಾಗಿ ಸಾಕು. ಎರಡು ಕಟ್ಟಡಗಳ ನಡುವೆ, ಅದರಲ್ಲೂ ಬೇರೆ ಬೇರೆ ಅರ್ತಿಂಗ್ ಇದ್ದರೆ, ಹತ್ತಿರದಲ್ಲೆಲ್ಲೋ ಸಿಡಿಲು ಬಡಿದಾಗ ಏಳುವ ವೋಲ್ಟೇಜ್ ಮುಂದೆ ಆ 1500 ಏನೂ ಅಲ್ಲ. ನಾನಾದರೆ ಫೈಬರ್ (ಬೆಳಕಿನ ಮೂಲಕ ಡೇಟಾ ಸಾಗಿಸುವ ಗಾಜಿನ ಎಳೆಯ ಕೇಬಲ್) ಹಾಕುತ್ತೇನೆ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ, ವಾದ ಅಲ್ಲಿಗೆ ಮುಗಿಯಿತು. ಆದರೆ ಇಲಿ ಕಡಿಯದಿರಲೆಂದು ಉಕ್ಕಿನ ಕವಚ ಅಥವಾ ತಂತಿ ಹಾಕಿದ ಫೈಬರ್ ತಂದರೆ ಮತ್ತೆ ಲೋಹವೇ ಎರಡು ಕಟ್ಟಡಗಳನ್ನು ಬೆಸೆಯುತ್ತದೆ. ಲೋಹವೇ ಇಲ್ಲದ್ದನ್ನು ಕೇಳಿ ತನ್ನಿ.

ಎರಡೂ ತುದಿಗೆ ಕನೆಕ್ಟರ್ ಹಾಕಿಯೇ ಬರುವ ಫೈಬರ್ ಸಿಗುತ್ತದೆ, ಅದನ್ನೇ ಕೊಳ್ಳಿ. ಮನೆಯಲ್ಲಿ ಕತ್ತರಿಸಿದರೆ ಗಾಜಿನ ಚೂರು ಚರ್ಮದೊಳಗೆ ಹೊಕ್ಕು, ಕಣ್ಣಿಗೆ ಕಾಣದೆ ಕಾಡುತ್ತದೆ. ಬೆಳಕು ಬರುತ್ತಿದೆಯೇ ಎಂದು ತುದಿಯೊಳಗೆ ಇಣುಕುವುದಂತೂ ಬೇಡವೇ ಬೇಡ. ಫೈಬರ್‌ನಲ್ಲಿ ಸಾಗುವ 1310 ನ್ಯಾನೋಮೀಟರ್ ತರಂಗಾಂತರದಂಥ ಬೆಳಕು ಕಣ್ಣಿಗೆ ಕಾಣದ್ದು, ಇಣುಕಿ ತಿಳಿಯುವಂಥದ್ದೇನೂ ಇಲ್ಲ.

ಹಿತ್ತಲಬಾಗಿಲು:
ಎಲೆಕ್ಟ್ರಿಷಿಯನ್ ಬಂದು ನೋಡಿದರು. ಶೆಡ್ಡಿನ ಸಾಕೆಟ್‌ನಲ್ಲಿ ಅರ್ತಿಂಗ್ ತಂತಿ ತಿರುಪಿನಿಂದ ಕಳಚಿ ಹಿಂದಕ್ಕೆ ಮಡಚಿಕೊಂಡಿತ್ತು. ಕೂರಿಸಿದ ಮೇಲೆ ಅದೇ ಎರಡು ಬಿಂದುಗಳ ನಡುವೆ ಮೀಟರ್ 1 ವೋಲ್ಟ್ ಕೂಡ ತೋರಿಸುತ್ತಿಲ್ಲ. ಆರ್‌ಸಿಡಿ ಇರಲಿಲ್ಲ, ಹಾಕಿಸಿದೆ. ಫೈಬರ್ ತರುತ್ತೇನೆ. ಹಳೆಯ ಕೇಬಲ್ಲಿಗೇ ಫೈಬರ್ ಕಟ್ಟಿ ಆ ಪೈಪಿನಲ್ಲೇ ಎಳೆದುಬಿಡಲೇ?

ಮೂರನೇಪಿನ್:
ಬೇಡ. ಹಳೆಯದನ್ನು ಎಳೆದು ತೆಗೆಯಿರಿ. ಮುಖ್ಯ ಫಲಕದಲ್ಲಿ ಸರಬರಾಜು ಆರಿಸಿ, ಯಾರೂ ಹಾಕದಂತೆ ಫಲಕಕ್ಕೆ ಚೀಟಿ ಅಂಟಿಸಿದ ನಂತರವೇ. ಹೊರತೆಗೆದ ಮೇಲೆ ತಂತಿಗಳ ನಿರೋಧಕತೆಯನ್ನು ಇನ್ನೊಮ್ಮೆ ಅಳೆಸಿ, ಆಮೇಲೆ ಸರಬರಾಜು ಕೊಡಿ. ಫೈಬರ್‌ಗೆ ಬೇರೆ ಪೈಪ್ ಹಾಕಿ, ಒಳಗೆ ಒಂದು ನೈಲಾನ್ ದಾರವನ್ನೂ ಬಿಟ್ಟಿರಿ. ಮುಂದೆ ಇನ್ನೊಂದು ಎಳೆಯಬೇಕಾದಾಗ ಉಕ್ಕಿನ ತಂತಿ ತೂರಿಸುವ ಪ್ರಮೇಯ ಬರುವುದಿಲ್ಲ.