45 ಸಾವಿರ ಪಂಗಡ, ಒಂದೇ ಹೆಸರು: ಕ್ರೈಸ್ತರೆಲ್ಲ ಒಪ್ಪುವ ಮಾತು ಯಾವುದು?

ದಾರಿಹೋಕ
ಕುತೂಹಲಕ್ಕೆ ಕೇಳುತ್ತಿದ್ದೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಜಗತ್ತಿನಲ್ಲಿ ಕ್ರೈಸ್ತರು ಸುಮಾರು 230 ಕೋಟಿ ಇದ್ದಾರೆ. ಅವರಲ್ಲಿ 45 ಸಾವಿರ ಪಂಗಡಗಳಿವೆ ಎಂಬ ಅಂಕಿ ಎಲ್ಲಿ ನೋಡಿದರೂ ಸಿಗುತ್ತದೆ. ಇಥಿಯೋಪಿಯಾದಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ, ದೊಡ್ಡ ಡೋಲು ಬಾರಿಸುತ್ತಾ ಹಾಡುತ್ತಾರೆ. ರಷ್ಯಾದಲ್ಲಿ ಕೂರುವುದಕ್ಕೆ ಬೆಂಚೇ ಇಲ್ಲ, ಗಂಟೆಗಟ್ಟಲೆ ನಿಂತೇ ಪ್ರಾರ್ಥನೆ. ಇನ್ನೆಲ್ಲೋ ಗಿಟಾರು, ಡ್ರಮ್ಸು, ಗೋಡೆಯಷ್ಟು ದೊಡ್ಡ ಪರದೆ. ಕೆಲವರಿಗೆ ಪೋಪ್ ಇಲ್ಲದೆ ಆಗುವುದಿಲ್ಲ, ಕೆಲವರಿಗೆ ಪಾದ್ರಿಯೇ ಬೇಡ. ಇಷ್ಟು ಜನರನ್ನು ಒಂದೇ ಹೆಸರಿನಿಂದ ಕರೆಯುವುದು ಸರಿಯಾ? ಎಲ್ಲರೂ ಒಪ್ಪುವ ಮಾತು ಒಂದಾದರೂ ಇದೆಯಾ?

ಎಣಿಕೆಗಾರ
ಮೊದಲು ಆ 45 ಸಾವಿರದ ಗಾಳಿ ತೆಗೆಯೋಣ. ಆ ಲೆಕ್ಕ ದೇಶವಾರು. ಒಂದೇ ಪಂಗಡ ನೂರು ದೇಶದಲ್ಲಿದ್ದರೆ ಅದು ನೂರು ಪಂಗಡ! ಒಬ್ಬರೇ ಪೋಪ್ ಇರುವ ಕ್ಯಾಥೊಲಿಕ್ ಚರ್ಚೂ ಅದರಲ್ಲಿ ಇನ್ನೂರಕ್ಕೂ ಹೆಚ್ಚು ಸಲ ಎಣಿಕೆಯಾಗಿದೆ. ನಿಜ ಏನೆಂದರೆ ಕ್ಯಾಥೊಲಿಕರೇ ಸುಮಾರು 140 ಕೋಟಿ, ಅಂದರೆ ಅರ್ಧಕ್ಕಿಂತ ಜಾಸ್ತಿ. ಗ್ರೀಸ್, ರಷ್ಯಾ, ಇಥಿಯೋಪಿಯಾ ಮುಂತಾದ ಕಡೆಯ ಆರ್ಥೊಡಾಕ್ಸ್ ಚರ್ಚುಗಳವರು 20 ಕೋಟಿ ದಾಟುತ್ತಾರೆ. ಉಳಿದವರಲ್ಲಿ ಹೆಚ್ಚಿನವರು ಪ್ರಾಟೆಸ್ಟಂಟರು, ಪವಿತ್ರಾತ್ಮನ ನೇರ ಅನುಭವಕ್ಕೆ ಒತ್ತು ಕೊಡುವ ಪೆಂಟೆಕೋಸ್ಟಲರು, ಯಾರ ಕೈಕೆಳಗೂ ಇಲ್ಲದ ಸ್ವತಂತ್ರ ಸಭೆಗಳವರು. ಚೂರುಚೂರಾಗಿರುವುದು ಈ ಮೂರನೇ ಗುಂಪು.

ಹಳೇಕಾಗದ
ದಾರಿಹೋಕ ಅವರೇ, ನಿಮ್ಮ ಪ್ರಶ್ನೆಗೆ ಹಳೆಯ ಉತ್ತರ ಒಂದಿದೆ. 325ರಲ್ಲಿ ನೈಸೀಯದಲ್ಲಿ (ಈಗ ಟರ್ಕಿಯ ಇಜ್ನಿಕ್) ಚಕ್ರವರ್ತಿ ಕಾನ್‌ಸ್ಟಂಟೈನ್ ಬಿಷಪ್ಪರ ಮಹಾಸಭೆ ಕರೆದ. ಆಗ ಅಲೆಕ್ಸಾಂಡ್ರಿಯದ ಅರಿಯಸ್ ಎಂಬ ಪಾದ್ರಿಯ ವಾದ ದೊಡ್ಡ ಗಲಾಟೆ ಎಬ್ಬಿಸಿತ್ತು. ಮಗನು, ಅಂದರೆ ಯೇಸು, ತಂದೆಯಾದ ದೇವರು ಸೃಷ್ಟಿಸಿದವನು, ಆದ್ದರಿಂದ ತಂದೆಗೆ ಸಮನಲ್ಲ ಎಂದು ಅವನ ವಾದ. ಸಭೆ ಅದನ್ನು ತಳ್ಳಿಹಾಕಿ, ಯೇಸು ತಂದೆಯೊಂದಿಗೆ ಒಂದೇ ಸತ್ವದವನು ಎಂದು ಬರೆಯಿತು. 381ರಲ್ಲಿ ಈಗಿನ ಇಸ್ತಾಂಬುಲ್ ಆದ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅದನ್ನು ಬೆಳೆಸಿದರು. ಅದೇ ನೈಸೀಯ ವಿಶ್ವಾಸ ಪ್ರಮಾಣ. ದೇವರು ಒಬ್ಬನೇ, ತಂದೆ, ಮಗ, ಪವಿತ್ರಾತ್ಮ, ಯೇಸು ಮನುಷ್ಯನಾಗಿ ಹುಟ್ಟಿ, ಶಿಲುಬೆಯ ಮೇಲೆ ಸತ್ತು, ಮೂರನೇ ದಿನ ಎದ್ದ, ಮತ್ತೆ ಬರುತ್ತಾನೆ. ಕ್ಯಾಥೊಲಿಕ್, ಗ್ರೀಕ್, ರಷ್ಯನ್, ಕಾಪ್ಟಿಕ್, ಅರ್ಮೇನಿಯನ್, ಆಂಗ್ಲಿಕನ್, ಲುಥೆರನ್, ಎಲ್ಲರಿಗೂ ಇದು ಮಾನ್ಯ.

ಸಂಶಯಪ್ಪ
ಸರ್, ಆ ಪ್ರಮಾಣದ ಒಂದೇ ಒಂದು ಪದಕ್ಕೆ ಪೂರ್ವದ ಆರ್ಥೊಡಾಕ್ಸರು, ಪಶ್ಚಿಮದ ಕ್ಯಾಥೊಲಿಕರು ಎಂದು ಎರಡಾಗಿದ್ದನ್ನು ಯಾಕೆ ಬಿಟ್ಟಿರಿ?

ಹಳೇಕಾಗದ
ಬಿಟ್ಟಿಲ್ಲ, ಅದಕ್ಕೇ ಬರುತ್ತಿದ್ದೆ. ಮೂಲದಲ್ಲಿ ಪವಿತ್ರಾತ್ಮನು "ತಂದೆಯಿಂದ ಹೊರಡುವವನು" ಎಂದಿತ್ತು. ಪಶ್ಚಿಮದವರು "ಮಗನಿಂದಲೂ" ಎಂದು ಸೇರಿಸಿ ಹಾಡತೊಡಗಿದರು. 1014ರಲ್ಲಿ ರೋಮ್ ಕೂಡ ಸೇರಿಸಿಕೊಂಡಿತು. ಲ್ಯಾಟಿನ್‌ನಲ್ಲಿ ಅದು ಒಂದೇ ಪದ, ಫಿಲಿಯೋಕ್ವೆ. ಎಲ್ಲರೂ ಸೇರಿ ಬರೆದದ್ದನ್ನು ಒಬ್ಬರೇ ತಿದ್ದುವುದಕ್ಕೆ ನೀವ್ಯಾರು ಎಂಬುದು ಪೂರ್ವದವರ ಸಿಟ್ಟು. 1054ರಲ್ಲಿ ಪರಸ್ಪರ ಬಹಿಷ್ಕಾರ. ಆದರೆ ಒಂದು ಪದಕ್ಕೇ ಎಲ್ಲ ಮುರಿಯಿತು ಅನ್ನುವುದು ಪೂರ್ತಿ ಸರಿಯಲ್ಲ. ಪೋಪ್ ಅಧಿಕಾರ ಎಲ್ಲಿಯವರೆಗೆ ಎಂಬ ಜಗಳ ಇತ್ತು. ಭಾಷೆ ಬೇರೆ, ರಾಜಕೀಯ ಬೇರೆ. 1204ರಲ್ಲಿ ಪಶ್ಚಿಮದ ಕ್ರೂಸೇಡ್ ಸೈನ್ಯ ಕಾನ್‌ಸ್ಟಾಂಟಿನೋಪಲನ್ನೇ ಕೊಳ್ಳೆ ಹೊಡೆಯಿತು, ಆ ಗಾಯ ಪದಕ್ಕಿಂತ ದೊಡ್ಡದು.
ಬಹಿಷ್ಕಾರವನ್ನು 1965ರ ಡಿಸೆಂಬರ್ 7ರಂದು ಪೋಪ್ ಆರನೇ ಪೌಲ್ ಮತ್ತು ಪೂರ್ವದವರ ಹಿರಿಯ ಗುರು ಪೇಟ್ರಿಯಾರ್ಕ್ ಅಥೆನಾಗೊರಸ್ ಇಬ್ಬರೂ ತೆಗೆದುಹಾಕಿದರು. 900 ವರ್ಷ ಹಿಡಿಯಿತು. ಒಂದಾದರಾ? ಇಲ್ಲ.

ಖಾಲಿಬೆಂಚು
ನಾನು ಬೆಳೆದ ಸಭೆಯಲ್ಲಿ ವಿಶ್ವಾಸ ಪ್ರಮಾಣ ಓದಿದ್ದನ್ನು ಒಂದು ಸಲವೂ ಕೇಳಿಲ್ಲ. ಬ್ಯಾಪ್ಟಿಸ್ಟ್, ಪೆಂಟೆಕೋಸ್ಟಲ್ ಸಭೆಗಳಲ್ಲಿ ತುಂಬಾ ಕಡೆ ಹೀಗೇ. "ನಮಗೆ ಬೈಬಲ್ ಸಾಕು, ಮನುಷ್ಯರು ಬರೆದ ಪ್ರಮಾಣ ಬೇಡ" ಅನ್ನುತ್ತಾರೆ. ತಮಾಷೆ ಏನು ಗೊತ್ತಾ? ಅದರಲ್ಲಿರುವ ಒಂದೊಂದು ಮಾತನ್ನೂ ಅಲ್ಲಿ ಪ್ರಸಂಗದಲ್ಲಿ ಹೇಳುತ್ತಾರೆ. ಹಾಳೆ ಬೇಡ, ಹಾಳೆಯಲ್ಲಿರುವುದು ಬೇಕು.

ಸಂಶಯಪ್ಪ
ಬೈಬಲ್ ಸಾಕು ಅನ್ನುವವರು ಯಾವ ಬೈಬಲ್ ಅಂತಲೂ ಹೇಳಲಿ. ಪ್ರಾಟೆಸ್ಟಂಟರದ್ದು 66 ಪುಸ್ತಕ, ಕ್ಯಾಥೊಲಿಕರದ್ದು 73, ಇಥಿಯೋಪಿಯಾದವರದ್ದು 81. ಅದರಲ್ಲಿ ಹನೋಕನ ಪುಸ್ತಕ ಕೂಡ ಇದೆ, ಬೇರೆಯವರು ಅದನ್ನು ಕೈಬಿಟ್ಟು ಎಷ್ಟೋ ಕಾಲ ಆಯಿತು.

ಖಾಲಿಬೆಂಚು
ನೀವು ಹೇಳಿದ ವ್ಯತ್ಯಾಸ ಹೆಚ್ಚುಕಡಿಮೆ ಎಲ್ಲ ಹಳೆಯ ಒಡಂಬಡಿಕೆಯದ್ದು. ಹೊಸ ಒಡಂಬಡಿಕೆಯ 27 ಪುಸ್ತಕಗಳು ಈ ಮೂವರಿಗೂ ಸಮಾನ. ಯೇಸುವಿನ ಬಗ್ಗೆ ಏನು ಗೊತ್ತು ಎಂದು ಕೇಳಿದರೆ ಮೂವರೂ ಅದೇ ನಾಲ್ಕು ಸುವಾರ್ತೆ ತೆರೆಯುತ್ತಾರೆ. ಇದು ಸಣ್ಣ ಸಂಗತಿಯಲ್ಲ.

ದಾರಿಹೋಕ
ಇನ್ನೊಂದು ಅನುಮಾನ. ಇಷ್ಟು ಸಾಮ್ಯ ಇರುವುದಕ್ಕೆ ಕಾರಣ ಸರಳ ಅಲ್ವಾ? ಯೂರೋಪಿನ ಧರ್ಮ, ಯೂರೋಪಿನವರು ಹಡಗಿನಲ್ಲಿ ಎಲ್ಲ ಕಡೆ ಒಯ್ದರು. ಬೇರು ಒಂದೇ, ಹಾಗಾಗಿ ಹಣ್ಣೂ ಒಂದೇ.

ಹಳೇಕಾಗದ
ಅಯ್ಯೋ, ಇಲ್ಲ ಇಲ್ಲ. ಈ ಮಾತು ಕೇಳಿದರೆ ನನಗೆ ತಡೆಯುವುದಕ್ಕೆ ಆಗುವುದಿಲ್ಲ, ಉದ್ದ ಆದರೆ ಕ್ಷಮಿಸಿ.
ಧರ್ಮ ಹುಟ್ಟಿದ್ದೇ ಏಷ್ಯಾದಲ್ಲಿ. ಅರ್ಮೇನಿಯದ ರಾಜ ಕ್ರೈಸ್ತನಾಗಿದ್ದು 301ರಲ್ಲಿ ಎಂದು ಅವರ ಪರಂಪರೆ ಹೇಳುತ್ತದೆ. ನೈಸೀಯ ಸಭೆ ಇನ್ನೂ ಸೇರಿರಲಿಲ್ಲ. ಆಕ್ಸುಮ್‌ನ ರಾಜ ಎಜಾನ ನಾಲ್ಕನೇ ಶತಮಾನದಲ್ಲೇ ಕ್ರೈಸ್ತನಾದ, ಅವನ ನಾಣ್ಯಗಳ ಮೇಲೆ ಶಿಲುಬೆ ಬಂತು. ಅದು ಇಂದಿನ ಇಥಿಯೋಪಿಯಾ ಕಡೆ. ರಷ್ಯಾದ ಕಡೆ ರಾಜ ವ್ಲಾದಿಮಿರ್ ದೀಕ್ಷಾಸ್ನಾನ ಪಡೆದದ್ದು 988ರಲ್ಲಿ, ಅಂದರೆ ಆರು ನೂರು ವರ್ಷ ಆದ ಮೇಲೆ.
ಚೀನಾಕ್ಕೆ ಬನ್ನಿ. ಷಿಯಾನ್‌ನಲ್ಲಿ 781ರ ಕಲ್ಲಿನ ಶಾಸನ ಇದೆ. 635ರಲ್ಲಿ ಅಲೊಪೆನ್ ಎಂಬ ಸನ್ಯಾಸಿ ರಾಜಧಾನಿಗೆ ಬಂದ, ಚಕ್ರವರ್ತಿ ಬರಮಾಡಿಕೊಂಡ ಎಂದು ಅದರಲ್ಲಿ ಕೊರೆದಿದ್ದಾರೆ. ಚೀನೀ ಬರಹ, ಜೊತೆಗೆ ಸಿರಿಯಾಕ್ (ಪಶ್ಚಿಮ ಏಷ್ಯಾದ ಕ್ರೈಸ್ತರ ಹಳೆಯ ಭಾಷೆ) ಅಕ್ಷರಗಳಲ್ಲಿ ಹೆಸರುಗಳು. ಅವರನ್ನು ಕಳಿಸಿದ್ದು ರೋಮ್ ಅಲ್ಲ, ಪರ್ಷಿಯಾ ಕಡೆಯ ಪೂರ್ವ ಚರ್ಚ್. ಈ ಚರ್ಚು 431ರ ಎಫೆಸಸ್ ಸಭೆಯನ್ನು ಒಪ್ಪಲಿಲ್ಲ. ಈಜಿಪ್ಟಿನ ಕಾಪ್ಟರು, ಅರ್ಮೇನಿಯದವರು, ಸಿರಿಯಾಕರು, ಇಥಿಯೋಪಿಯಾದವರು 451ರ ಕಾಲ್ಸಿಡನ್ ಸಭೆಯನ್ನು ಒಪ್ಪಲಿಲ್ಲ. ಒಂದೂವರೆ ಸಾವಿರ ವರ್ಷ ಬೇರೆ ಬೇರೆ ದಾರಿ, ಬೇರೆ ಭಾಷೆ, ಬೇರೆ ರಾಜರು. ಆದರೂ ಇವರಲ್ಲಿ ಯಾರ ಚರ್ಚಿಗೆ ಹೋದರೂ ದೀಕ್ಷಾಸ್ನಾನ ಇದೆ, ಯೇಸುವಿನ ಕಡೆಯ ಊಟದ ರೊಟ್ಟಿ ದ್ರಾಕ್ಷಾರಸ ಇದೆ, ಬಿಷಪ್ ಇದ್ದಾರೆ, ನೈಸೀಯದ ಪ್ರಮಾಣ ಇದೆ. ಹಡಗು ಇಲ್ಲದೆಯೇ.

ಎಣಿಕೆಗಾರ
ಜೊತೆಗೆ ಇದನ್ನೂ ಸೇರಿಸಿ. 1910ರಲ್ಲಿ ಮೂವರು ಕ್ರೈಸ್ತರಲ್ಲಿ ಇಬ್ಬರು ಯೂರೋಪಿನವರು. ಈಗ ಸಹಾರಾದಿಂದ ಕೆಳಗಿನ ಆಫ್ರಿಕಾದಲ್ಲೇ ಯೂರೋಪಿಗಿಂತ ಹೆಚ್ಚು ಕ್ರೈಸ್ತರಿದ್ದಾರೆ.

ದಾರಿಹೋಕ
ಒಪ್ಪಿದೆ, ಯೂರೋಪಿನ ಮಾತು ವಾಪಸ್. ಆದರೆ 451ರಲ್ಲಿ ಜಗಳ ಯಾಕೆ ಬಂತು? ಒಂದೇ ಪ್ರಮಾಣ ಅಂತೀರಿ.

ಮೇಣದಬತ್ತಿ
ನಾನು ಹೇಳುತ್ತೇನೆ. ಯೇಸು ದೇವರೂ ಹೌದು, ಮನುಷ್ಯನೂ ಹೌದು, ಇದರಲ್ಲಿ ಜಗಳ ಇರಲಿಲ್ಲ. ಅದನ್ನು ಹೇಳುವುದು ಹೇಗೆ? "ಒಬ್ಬನೇ ವ್ಯಕ್ತಿ, ಎರಡು ಸ್ವಭಾವ" ಎಂದಿತು ಕಾಲ್ಸಿಡನ್. ಎರಡು ಅಂದರೆ ಯೇಸುವನ್ನೇ ಸೀಳಿದ ಹಾಗೆ, ಒಂದಾಗಿ ಕೂಡಿದ ಸ್ವಭಾವ ಅನ್ನಿ ಎಂದರು ಕಾಪ್ಟರು. ಗ್ರೀಕ್‌ನ ಒಂದು ಪದ, ಎರಡು ಕಡೆ ಎರಡು ಅರ್ಥ. 1973ರಲ್ಲಿ ಪೋಪ್ ಮತ್ತು ಕಾಪ್ಟರ ಮುಖ್ಯ ಗುರು ಮೂರನೇ ಶೆನೂದಾ ಕೂತು, ಯೇಸುವಿನ ಬಗ್ಗೆ ಇಬ್ಬರ ನಂಬಿಕೆ ಇದು ಎಂದು ಒಟ್ಟಿಗೆ ಸಹಿ ಹಾಕಿದರು. 1994ರಲ್ಲಿ ಅಸ್ಸೀರಿಯನ್ ಪೂರ್ವ ಚರ್ಚಿನ ಜೊತೆಗೂ ಅಂಥದ್ದೇ ಒಪ್ಪಂದ ಆಯಿತು. ಓದಿದಾಗ ನನಗೆ ನಗು ಬಂತು, ಆಮೇಲೆ ಸಂಕಟ ಆಯಿತು. ಇಷ್ಟಕ್ಕೆ ಹದಿನೈದು ಶತಮಾನ?

ಸಂಶಯಪ್ಪ
ಎಲ್ಲ ಚೆನ್ನಾಗಿದೆ. ಆದರೆ ನೀವೆಲ್ಲ ನಿಮಗೆ ಬೇಕಾದವರನ್ನು ಮಾತ್ರ ಒಳಗೆ ಬಿಟ್ಟುಕೊಂಡು, ನೋಡಿ ಎಲ್ಲರೂ ಒಂದೇ ಅನ್ನುತ್ತಿದ್ದೀರಿ.
ಯೆಹೋವನ ಸಾಕ್ಷಿಗಳು ಎಂಬ ಪಂಗಡದವರು ತ್ರಿತ್ವವನ್ನು, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬುದನ್ನು, ಒಪ್ಪುವುದಿಲ್ಲ. ಅಮೆರಿಕದಲ್ಲಿ ಹುಟ್ಟಿದ ಪಂಗಡದ ಮಾರ್ಮನರು ನೈಸೀಯದ ಪ್ರಮಾಣವನ್ನು ಒಪ್ಪುವುದಿಲ್ಲ. ಪೆಂಟೆಕೋಸ್ಟಲರಲ್ಲೇ "ಯೇಸುವಿನ ಹೆಸರಿನಲ್ಲಿ ಮಾತ್ರ" ದೀಕ್ಷಾಸ್ನಾನ ಕೊಡುವ, ತ್ರಿತ್ವ ಬೇಡ ಅನ್ನುವ ಗುಂಪಿದೆ. ಇವರನ್ನು ಕೇಳಿದರೆ ನಾವೂ ಕ್ರೈಸ್ತರೇ ಅನ್ನುತ್ತಾರೆ. ಅಲ್ಲ ಅನ್ನುವ ಅಧಿಕಾರ ಯಾರದ್ದು?
ಇನ್ನು ದೀಕ್ಷಾಸ್ನಾನ ಎಲ್ಲರಿಗೂ ಸಮಾನ ಅಂತೀರಲ್ಲ, ಕ್ವೇಕರ್ ಎಂಬ ಪಂಗಡದ ಹೆಚ್ಚಿನವರಲ್ಲಿ ನೀರೂ ಇಲ್ಲ, ರೊಟ್ಟಿಯೂ ಇಲ್ಲ. ಸಾಲ್ವೇಶನ್ ಆರ್ಮಿಯಲ್ಲೂ ಎರಡೂ ಇಲ್ಲ.

ಖಾಲಿಬೆಂಚು
ಇದು ಒಳ್ಳೆಯ ಪೆಟ್ಟು. ಕ್ವೇಕರ್ ಕೂಟದಲ್ಲಿ ಒಂದು ಸಲ ಕೂತಿದ್ದೆ. ಒಂದು ಗಂಟೆ ಮೌನ. ಯಾರಿಗಾದರೂ ಒಳಗಿನಿಂದ ಪ್ರೇರಣೆ ಬಂದರೆ ಎದ್ದು ಎರಡು ಮಾತು ಹೇಳಬಹುದು, ಅಷ್ಟೇ. ಅವತ್ತು ಯಾರೂ ಏಳಲಿಲ್ಲ. ಹೊರಗೆ ಬಂದಾಗ ನಾನು ಯಾವ ಧರ್ಮದ ಕೂಟಕ್ಕೆ ಹೋಗಿದ್ದೆ ಅಂತ ನನಗೇ ಅನುಮಾನ!

ಮೇಣದಬತ್ತಿ
ಯಾರು ಕ್ರೈಸ್ತರು ಎಂದು ಹೇಳುವ ಒಂದೇ ಕಚೇರಿ ಇಲ್ಲ, ನಿಜ. ಚರ್ಚುಗಳು ತಮಗೆ ತಾವೇ ಗೆರೆ ಎಳೆದುಕೊಂಡಿವೆ. ನಮ್ಮಲ್ಲಿ, ಲುಥೆರನ್ ಆಗಿದ್ದವರು ಕ್ಯಾಥೊಲಿಕ್ ಆದರೆ ಮತ್ತೆ ದೀಕ್ಷಾಸ್ನಾನ ಕೊಡುವುದಿಲ್ಲ, ಮೊದಲಿನದ್ದೇ ಸಾಕು. ಆದರೆ ಮಾರ್ಮನರದ್ದು ಸಿಂಧು ಅಲ್ಲ ಎಂದು ವ್ಯಾಟಿಕನ್ 2001ರಲ್ಲಿ ಹೇಳಿತು. ಅಲ್ಲೂ ತಂದೆ ಮಗ ಪವಿತ್ರಾತ್ಮ ಎಂಬ ಅದೇ ಮಾತು ಹೇಳುತ್ತಾರೆ. ಮಾತು ಒಂದೇ ಆದರೂ ಅರ್ಥ ಬೇರೆ ಎಂಬುದು ಕಾರಣ.
1948ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್ ಶುರುವಾದಾಗಲೂ ಇದೇ ಪ್ರಶ್ನೆ ಬಂತು. ಯಾರನ್ನು ಸೇರಿಸಿಕೊಳ್ಳುವುದು? ಯೇಸು ಕ್ರಿಸ್ತನನ್ನು ದೇವರೆಂದೂ ರಕ್ಷಕನೆಂದೂ ಒಪ್ಪುವ ಚರ್ಚುಗಳು ಎಂದು ಒಂದೇ ಸಾಲು ಬರೆದರು. ಸಾಲಲಿಲ್ಲ. 1961ರಲ್ಲಿ ಬೈಬಲ್ ಮತ್ತು ತ್ರಿತ್ವ ಎರಡನ್ನೂ ಸೇರಿಸಿದರು. ದಾರಿಹೋಕ ಅವರು ಕೇಳಿದ "ಒಂದು ಮಾತು" ಬರೆಯುವುದಕ್ಕೆ ಗಂಭೀರವಾಗಿ ಪ್ರಯತ್ನಪಟ್ಟವರಿಗೇ ಹೀಗಾಯಿತು. ಅಂದಹಾಗೆ ಕ್ಯಾಥೊಲಿಕ್ ಚರ್ಚು ಅದರ ಸದಸ್ಯ ಅಲ್ಲ, ಕೆಲವು ಕೆಲಸಗಳಲ್ಲಿ ಜೊತೆಗಿದೆ.

ಸಂಶಯಪ್ಪ
ಅಂದರೆ ಉತ್ತರ ಇಲ್ಲ ಅಂತಾಯಿತು.

ಮೇಣದಬತ್ತಿ
ಅಷ್ಟು ಬೇಗ ಬಾಗಿಲು ಹಾಕಬೇಡಿ. ನನಗೆ ಅನಿಸುವುದು ಬೇರೆ. ಇವರು ಎಲ್ಲಿ ಹೆಚ್ಚು ಜಗಳವಾಡಿದ್ದಾರೆ ನೋಡಿ. ಎಲ್ಲರಿಗೂ ಸೇರಿದ ಜಾಗದಲ್ಲೇ! ಆ ರೊಟ್ಟಿ ದ್ರಾಕ್ಷಾರಸದ ಊಟವನ್ನೇ ತೆಗೆದುಕೊಳ್ಳಿ. ಅದನ್ನು ನಾನು ಪರಮಪ್ರಸಾದ ಅನ್ನುತ್ತೇನೆ, ಖಾಲಿಬೆಂಚು ಅವರು ಕರ್ತನ ಭೋಜನ ಅನ್ನಬಹುದು. 1529ರಲ್ಲಿ ಮಾರ್ಬರ್ಗ್‌ನಲ್ಲಿ ಪ್ರಾಟೆಸ್ಟಂಟ್ ಸುಧಾರಕರಾದ ಲೂಥರ್ ಮತ್ತು ಜ್ವಿಂಗ್ಲಿ ಕೂತು 15 ವಿಷಯಗಳಲ್ಲಿ 14ಕ್ಕೆ ಒಪ್ಪಿದರು. ಹದಿನೈದನೆಯದು ಈ ರೊಟ್ಟಿ. ಅದು ನಿಜವಾಗಿ ಯೇಸುವಿನ ದೇಹವೋ, ನೆನಪಿನ ಗುರುತೋ? ಅಲ್ಲಿಗೆ ನಿಂತಿತು. ಅದಕ್ಕೂ ಮೊದಲು ಗ್ರೀಕರು ಲ್ಯಾಟಿನರು ರೊಟ್ಟಿಗೆ ಹುಳಿ ಹಾಕಬೇಕೋ ಬೇಡವೋ ಎಂದು ಕಿತ್ತಾಡಿದ್ದರು. ಕಾಂಗೋದ ಕಿಂಬಾಂಗು ಚರ್ಚಿನಲ್ಲಿ ದ್ರಾಕ್ಷಾರಸವೇ ಇಲ್ಲ, ಜೇನು ಬೆರೆಸಿದ ನೀರು. ಯಾರಿಗೂ ಆ ಊಟ ಮುಖ್ಯ ಅಲ್ಲ ಅಂದಿದ್ದರೆ ಈ ಗಲಾಟೆ ಯಾಕೆ ಆಗುತ್ತಿತ್ತು?

ದಾರಿಹೋಕ
ದಾಯಾದಿ ಜಗಳ ಅಂತೀರಾ? ಆಸ್ತಿ ಒಂದೇ ಇದ್ದರೆ ತಾನೇ ಪಾಲಿನ ವ್ಯಾಜ್ಯ.

ಸಂಶಯಪ್ಪ
ಹೋಲಿಕೆ ಚಂದ ಇದೆ, ಆದರೆ ಅದರಲ್ಲಿ ರಕ್ತ ಕಾಣುವುದಿಲ್ಲ. ದೊಡ್ಡವರಾದ ಮೇಲೆ ದೀಕ್ಷಾಸ್ನಾನ ಎಂದು ಹೇಳಿದ್ದಕ್ಕೆ 1527ರಲ್ಲಿ ಜ್ಯೂರಿಚ್‌ನಲ್ಲಿ ಫೆಲಿಕ್ಸ್ ಮಾಂಜ್ ಎಂಬಾತನನ್ನು ನದಿಯಲ್ಲಿ ಮುಳುಗಿಸಿ ಕೊಂದರು. ಕೊಂದವರು ಕ್ಯಾಥೊಲಿಕರಲ್ಲ, ಸುಧಾರಣೆ ಮಾಡಿದವರೇ. ಮುಳುಗಿದವನಿಗೆ ನಂಬಿಕೆ ಸಮಾನ ಎಂದು ಹೇಳಿ ಏನು ಪ್ರಯೋಜನ?

ಮೇಣದಬತ್ತಿ
ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ. ನೀವು ಹೇಳಿದ್ದು ಸರಿ.

ಖಾಲಿಬೆಂಚು
ಜೆರುಸಲೇಮಿನ ಸಮಾಧಿ ಚರ್ಚು ನೆನಪಾಯಿತು. ಯೇಸುವನ್ನು ಶಿಲುಬೆಗೆ ಏರಿಸಿ ಹೂತ ಜಾಗ ಎಂದು ನಂಬುವ ಸ್ಥಳ. ಗ್ರೀಕ್, ಕ್ಯಾಥೊಲಿಕ್, ಅರ್ಮೇನಿಯನ್, ಕಾಪ್ಟಿಕ್, ಸಿರಿಯಾಕ್, ಇಥಿಯೋಪಿಯನ್, ಆರು ಜನರ ಪಾಲು. ಯಾವ ಮೂಲೆ ಯಾರು ಗುಡಿಸಬೇಕು ಎಂಬುದಕ್ಕೂ ನಿಯಮ. ಮುಂಬಾಗಿಲ ಮೇಲಿನ ಕಿಟಕಿಗೆ ಒರಗಿಸಿದ ಮರದ ಏಣಿ 18ನೇ ಶತಮಾನದಿಂದ ಅಲ್ಲೇ ಇದೆ. ಆರೂ ಜನ ಒಪ್ಪದೆ ಅದನ್ನು ತೆಗೆಯುವ ಹಾಗಿಲ್ಲ. ಬಾಗಿಲಿನ ಕೀಲಿಕೈ ಮುಸ್ಲಿಂ ಕುಟುಂಬದ ಕೈಯಲ್ಲಿ. ಆದರೂ ಆರೂ ಜನ ಬರುವುದು ಅದೇ ಖಾಲಿ ಸಮಾಧಿ ನೋಡುವುದಕ್ಕೆ, ಅದು ಖಾಲಿ ಎಂದು ನಂಬುವುದರಲ್ಲಿ ಆರೂ ಜನರಿಗೆ ಭಿನ್ನಾಭಿಪ್ರಾಯ ಇಲ್ಲ.

ಹಳೇಕಾಗದ
ಒಂದು ಸೇರ್ಪಡೆ. ಲೂಥರ್ 1517ರಲ್ಲಿ ಎತ್ತಿದ ಜಗಳದ ತಿರುಳು ಏನು? ಮನುಷ್ಯ ದೇವರ ಮುಂದೆ ನೀತಿವಂತ ಆಗುವುದು ನಂಬಿಕೆಯಿಂದಲೋ, ಒಳ್ಳೆಯ ಕೆಲಸದಿಂದಲೋ? 1999ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕರು ಲುಥೆರನ್ನರು ಇದರ ಬಗ್ಗೆ ಒಂದೇ ಕಾಗದಕ್ಕೆ ಸಹಿ ಹಾಕಿದರು. ಮೆಥಡಿಸ್ಟರು 2006ರಲ್ಲಿ ಸೇರಿಕೊಂಡರು. ಅಷ್ಟಾದರೂ ಪೋಪ್, ಪಾದ್ರಿ ಪಟ್ಟ, ಹೆಂಗಸರಿಗೆ ಪಟ್ಟ ಕೊಡುವುದು, ಇವೆಲ್ಲ ಹಾಗೇ ಉಳಿದಿವೆ. ಈಗಿನ ಜಗಳಗಳು ಹೆಚ್ಚಾಗಿ ದೇವರು ಯಾರು ಎಂಬುದರ ಮೇಲಲ್ಲ, ಯಾರು ಯಾರಿಗೆ ಹೇಳಬಹುದು ಎಂಬುದರ ಮೇಲೆ.

ದಾರಿಹೋಕ
ಎಲ್ಲರಿಗೂ ಥ್ಯಾಂಕ್ಸ್. ಕೊನೆಗೊಂದು ಸಣ್ಣ ಪ್ರಶ್ನೆ. ಎಲ್ಲರೂ ನಂಬುವುದು ಪುನರುತ್ಥಾನ (ಯೇಸು ಸತ್ತು ಎದ್ದದ್ದು) ಅಂದರೆ, ಅದರ ಹಬ್ಬ ಈಸ್ಟರ್ ಆದರೂ ಒಂದೇ ದಿನ ಮಾಡುತ್ತಾರಲ್ವಾ?

ಎಣಿಕೆಗಾರ
ಹ್ಹ ಹ್ಹ, ಬೇರೆ ಏನಾದರೂ ಕೇಳಬಾರದಿತ್ತಾ! ವಸಂತದ ಹುಣ್ಣಿಮೆ ಆದ ಮೇಲಿನ ಭಾನುವಾರ ಎಂಬ ಸೂತ್ರ ಎಲ್ಲರಿಗೂ ಒಂದೇ. ಆದರೆ ಹೆಚ್ಚಿನ ಆರ್ಥೊಡಾಕ್ಸರು ಹಳೆಯ ಜೂಲಿಯನ್ ಕ್ಯಾಲೆಂಡರ್ ಹಿಡಿದು ಲೆಕ್ಕ ಹಾಕುತ್ತಾರೆ, ಪಶ್ಚಿಮದವರು ಗ್ರೆಗೋರಿಯನ್. 2024ರಲ್ಲಿ ಪಶ್ಚಿಮದವರದ್ದು ಮಾರ್ಚ್ 31, ಆರ್ಥೊಡಾಕ್ಸರದ್ದು ಮೇ 5. 2025ರಲ್ಲಿ ಇಬ್ಬರದ್ದೂ ಏಪ್ರಿಲ್ 20, ಅದೂ ಲೆಕ್ಕ ತಾನಾಗಿ ಕೂಡಿ ಬಂದದ್ದು, ಯಾರೂ ಕೂತು ಒಪ್ಪಿಕೊಂಡದ್ದಲ್ಲ. ಅದಾದ ಮೇಲೆ ಕೂಡಿ ಬರುವುದು 2028ರ ಏಪ್ರಿಲ್ 16ಕ್ಕೆ.

ಸಂಶಯಪ್ಪ
ಬರೆದಿಟ್ಟುಕೊಂಡೆ. ಅವತ್ತು ಇಲ್ಲಿಗೇ ಬಂದು ನಿಮ್ಮೆಲ್ಲರಿಗೂ ಒಂದೇ ಸಲ ಶುಭಾಶಯ ಹೇಳುತ್ತೇನೆ, ಕೆಲಸ ಕಡಿಮೆ.