ಪುಟ್ಟಿಯ ಕ್ಯಾಮೆರಾ ವಿಷಯವಾಗಿ ಅತ್ತೆಯ ಉತ್ತರ

ಮಗಳೇ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಕೇಳಿದ್ದನ್ನು ಬೆಳಿಗ್ಗೆ ಎದ್ದು ಎರಡು ಸಲ ಓದಿದೆ. ಪುಟ್ಟಿ ಕಾಲೇಜಿನ ರಜೆಯಲ್ಲಿ ದಿನವೂ ಆರು ಗಂಟೆಗೇ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ನಮ್ಮ ಮೈಸೂರಿನ ಅಗ್ರಹಾರದ ಬೀದಿಗಳಲ್ಲಿ, ದೇವರಾಜ ಮಾರುಕಟ್ಟೆಯಲ್ಲಿ ಒಬ್ಬಳೇ ಸುತ್ತುತ್ತಾಳೆ, ಮೊನ್ನೆ ಹೂವಿನ ಅಂಗಡಿಯವನೊಬ್ಬ ಗದರಿಸಿ ಕಳುಹಿಸಿದನಂತೆ, ಇನ್ನು ಮುಂದೆ ಅವಳನ್ನು ಕಳುಹಿಸುವುದೋ ಬೇಡವೋ, ಕಳುಹಿಸಿದರೂ ಎಲ್ಲಿಗೆ ಹೋಗು ಎಂದು ಹೇಳುವುದು ಎಂದು ಕೇಳಿದ್ದೀಯೆ. ಇಷ್ಟುದ್ದ ಟೈಪ್ ಮಾಡಲು ನನ್ನ ಕಣ್ಣು ಸಹಕರಿಸುವುದಿಲ್ಲವಾದ್ದರಿಂದ ಬಾಯಲ್ಲಿ ಹೇಳಿ ಫೋನಿನಿಂದಲೇ ಬರೆಸುತ್ತಿದ್ದೇನೆ. ಪೂರ್ತಿ ಓದು, ನಿನ್ನ ಗಂಡನಿಗೂ ಓದಿಸು.

ಅವಳನ್ನು ಕಳುಹಿಸು. ಅಂಗಡಿಯವನು ಬೈದದ್ದಕ್ಕೆ ನೀನು ಹೆದರಬೇಕಾಗಿಲ್ಲ, ನನ್ನ ಹೆದರಿಕೆ ಬೇರೆಯದು. ಕಣ್ಣು ಕ್ಯಾಮೆರಾದಲ್ಲಿರುವಾಗ ಕಾಲನ್ನು ಹಿಂದಕ್ಕೆ ಇಡಬಾರದು ಎಂಬುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಾರರು. ನನಗೂ ಯಾರೂ ಹೇಳಿರಲಿಲ್ಲ. ಅದನ್ನು ನಾನು ಕಲಿತದ್ದು ಇನ್ನೊಬ್ಬರ ಕೈ ಮುರಿದ ಮೇಲೆ.

ನಮ್ಮ ಮನೆಯ ಯಾಷಿಕಾ ನಿಮಗೆಲ್ಲ ಗೊತ್ತಿರುವುದೇ, ಸೋದರಮಾವ ಮುಂಬಯಿಯಿಂದ ತಂದುಕೊಟ್ಟ, ಒಂದರ ಮೇಲೊಂದು ಎರಡು ಲೆನ್ಸ್ ಇದ್ದ ಕ್ಯಾಮೆರಾ. ಅದನ್ನು ಕಣ್ಣಿಗೆ ಹಿಡಿದು ನೋಡುವ ಹಾಗಿರಲಿಲ್ಲ. ಹೊಟ್ಟೆಯ ಹತ್ತಿರ ಹಿಡಿದು, ಮೇಲಿನ ಮುಚ್ಚಳ ತೆಗೆದು, ತಲೆ ಬಗ್ಗಿಸಿ ಗಾಜಿನೊಳಗೆ ನೋಡಬೇಕಿತ್ತು. ಆ ಗಾಜಿನಲ್ಲಿ ಎಡದಲ್ಲಿರುವುದು ಬಲಕ್ಕೂ ಬಲದಲ್ಲಿರುವುದು ಎಡಕ್ಕೂ ಕಾಣುತ್ತಿತ್ತು. ಚಿತ್ರ ಎಡಕ್ಕೆ ಸರಿಯಲಿ ಎಂದು ನಾವು ಒಂದು ಕಡೆ ತಿರುಗಿದರೆ ಅದು ಇನ್ನೊಂದು ಕಡೆಗೆ ಓಡುತ್ತಿತ್ತು. ಒಂದು ರೋಲಿಗೆ 12 ಚಿತ್ರಗಳು ಮಾತ್ರ. ರೋಲಿನ ದುಡ್ಡನ್ನು ನಾನು ಸಂಬಳದಲ್ಲಿ ಉಳಿಸಿ ಇಡುತ್ತಿದ್ದೆನಾದ್ದರಿಂದ ಒಂದೊಂದು ಚಿತ್ರಕ್ಕೂ ಕಾಲು ಗಂಟೆ ಒದ್ದಾಡುತ್ತಿದ್ದೆ.

1981ರ ಧನುರ್ಮಾಸ. ಗುಡಿಯಲ್ಲಿ ಹುಗ್ಗಿ ಪ್ರಸಾದ ತೆಗೆದುಕೊಂಡು ಬರುವ ನೆಪದಲ್ಲಿ ಕ್ಯಾಮೆರಾವನ್ನು ಸೆರಗಿನೊಳಗೆ ಇಟ್ಟುಕೊಂಡು ಹೊರಟಿದ್ದೆ. ನಮ್ಮ ಅಡ್ಡರಸ್ತೆಯ ಕೊನೆಯಲ್ಲಿದ್ದ ಮರದ ಕಂಬಗಳ ಜಗಲಿ ಮನೆಯನ್ನು ನೆನಪಿಸಿಕೊಳ್ಳಿ. ಆ ದಿನ ಅವರ ಮನೆ ಮುಂದೆ ಇಪ್ಪತ್ತೊಂದು ಚುಕ್ಕಿಯ ರಂಗೋಲಿ ಬಿದ್ದಿತ್ತು, ನಡುವೆ ಸಗಣಿ ಉಂಡೆಯ ಮೇಲೆ ಕುಂಬಳದ ಹೂವು ಇತ್ತು, ಬಿಸಿಲು ಆಗಷ್ಟೇ ಜಗಲಿಯನ್ನು ಮುಟ್ಟುತ್ತಿತ್ತು. ರಂಗೋಲಿ ಪೂರ್ತಿ ಬಂದರೆ ಹೆಂಚು ಕತ್ತರಿಸಿಹೋಗುತ್ತಿತ್ತು, ಹೆಂಚು ಬಂದರೆ ರಂಗೋಲಿ ಅರ್ಧವಾಗುತ್ತಿತ್ತು. ಒಂದು ಹೆಜ್ಜೆ ಹಿಂದಕ್ಕೆ ಹೋದೆ, ಇನ್ನೊಂದು ಹೋದೆ, ಮೂರನೆಯದಕ್ಕೆ ಬೆನ್ನ ಹಿಂದೆ ಸೈಕಲ್ಲಿನ ಗಂಟೆ ಕೇಳಿಸಿತು. ಹಾಲಿನವರು ನನ್ನನ್ನು ತಪ್ಪಿಸಲು ಹೋಗಿ ಸೈಕಲ್ಲಿನ ಸಮೇತ ಚರಂಡಿಯ ಕಲ್ಲಿನ ಮೇಲೆ ಬಿದ್ದರು. ಎರಡೂ ಕ್ಯಾನುಗಳು ಉರುಳಿ, ಹಾಲು ನಿಧಾನವಾಗಿ ಹರಿದು ಬಂದು ರಂಗೋಲಿಯ ಒಂದು ಮೂಲೆಯನ್ನು ಅಳಿಸಿ ಕುಂಬಳದ ಹೂವಿನವರೆಗೂ ಬಂತು. ನನಗೆ ಒಂದು ತರಚುಗಾಯವೂ ಆಗಲಿಲ್ಲ. ಅವರ ಬಲಗೈ ಮಣಿಕಟ್ಟು ಮುರಿದಿತ್ತು.

ಬಲಗೈ ಮುರಿದವರು ಹಸು ಕರೆಯುವುದು ಹೇಗೆ? ಎರಡು ತಿಂಗಳು ಅವರ ಹೆಂಡತಿ ಕರೆದು, ಹತ್ತು ವರ್ಷದ ಮಗ ಸೈಕಲ್ ತಳ್ಳಿಕೊಂಡು ಮನೆಮನೆಗೆ ಹಾಲು ಹಾಕಿದ. ನಮ್ಮ ತಂದೆಯವರು ಆಸ್ಪತ್ರೆಯ ಖರ್ಚನ್ನೂ ಚೆಲ್ಲಿದ ಹಾಲಿನ ದುಡ್ಡನ್ನೂ ಕೊಟ್ಟರು, ಆದರೆ ಮಣಿಕಟ್ಟು ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತು. ಆಮೇಲೆ ಹದಿನಾಲ್ಕು ವರ್ಷ ಅವರೇ ನಮ್ಮ ಮನೆಗೆ ಹಾಲು ಹಾಕಿದರು. ಪಾವು ಅಳೆಯುವಾಗ ಆ ಕೈ ಹೇಗೆ ತಿರುಗುತ್ತಿತ್ತು ಎಂಬುದನ್ನು ಪ್ರತಿದಿನ ಬೆಳಿಗ್ಗೆ ಪಾತ್ರೆ ಹಿಡಿದು ನಿಂತು ನಾನು ನೋಡಿದ್ದೇನೆ. ಒಂದು ದಿನವೂ ಅವರು ನನಗೆ ಒಂದು ಮಾತು ಅನ್ನಲಿಲ್ಲ.

ಅದಕ್ಕೇ ಹೇಳುತ್ತೇನೆ, ಅವಳು ಕಣ್ಣು ಕ್ಯಾಮೆರಾದಲ್ಲಿಟ್ಟು ಕಾಲು ಹಿಂದಕ್ಕೆ ಇಡಬಾರದು. ಆಗ ಆ ರಸ್ತೆಯಲ್ಲಿ ಸೈಕಲ್ಲುಗಳಿದ್ದವು, ಅವಕ್ಕೆ ಗಂಟೆಯಾದರೂ ಇತ್ತು. ಈಗ ಬ್ಯಾಟರಿ ಸ್ಕೂಟರುಗಳು ಸದ್ದೇ ಇಲ್ಲದೆ ಹಿಂದೆ ಬಂದು ನಿಂತಿರುತ್ತವೆ.

ಆ ಘಟನೆಯ ನಂತರ ಕ್ಯಾಮೆರಾ ಬೀರುವಿಗೆ ಹೋಯಿತು, ಬೀಗದ ಕೈ ತಂದೆಯವರ ಜನಿವಾರಕ್ಕೆ ಹೋಯಿತು. ತಪ್ಪು ನನ್ನದೇ ಆಗಿದ್ದರಿಂದ ನಾನು ಎದುರು ಮಾತನಾಡಲಿಲ್ಲ. ಆದರೆ ಆರು ತಿಂಗಳಿಗೆ ಅದೇ ಕ್ಯಾಮೆರಾ ಅಣ್ಣಂದಿರ ಜೊತೆ ಬೃಂದಾವನಕ್ಕೆ ಹೋಗಿ ಬಂತು, ನನ್ನ ಕೈಗೆ ಮಾತ್ರ ಮತ್ತೆ ಬರಲಿಲ್ಲ. ಅದನ್ನೂ ಸಹಿಸಿದೆ. ನಾನು ಅದಕ್ಕಿಂತ ಮುಂಚೆ ಮೂರು ವರ್ಷ ತೆಗೆದಿದ್ದ ಅಗ್ರಹಾರದ ಚಿತ್ರಗಳು, ಜಗಲಿ ಮನೆಗಳು, ನೂರೊಂದು ಗಣಪತಿ ಗುಡಿಯ ಮುಂದಿನ ಬೀದಿ, ವಾಣಿವಿಲಾಸ ಮಾರುಕಟ್ಟೆಯ ಬಾಳೆಲೆ ಮಾರುವವರು, ಎಲ್ಲದರ ನೆಗೆಟಿವ್‌ಗಳನ್ನು ಬೆಣ್ಣೆ ಕಾಗದದಲ್ಲಿ ಸುತ್ತಿ ತಗಡಿನ ಟ್ರಂಕಿನಲ್ಲಿ ಇಟ್ಟಿದ್ದೆ. ಮನೆ ಮಾರುವ ವಾರ ನನಗೊಂದು ಫೋನು ಮಾಡಿ ಕೇಳಿದ್ದರೆ ಬಂದು ಎತ್ತಿಕೊಂಡು ಹೋಗುತ್ತಿದ್ದೆ. ಟ್ರಂಕು ಗುಜರಿಗೆ ಹೋದದ್ದು ನನಗೆ ತಿಳಿದದ್ದು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ. ವರ್ಷಕ್ಕೊಮ್ಮೆ ಈ ಗುಂಪಿನಲ್ಲಿ ಯಾರಾದರೊಬ್ಬರು ‘ನಮ್ಮ ಹಳೇ ಮನೆಯ ಫೋಟೋ ಯಾರ ಹತ್ತಿರವಾದರೂ ಇದೆಯೇ’ ಎಂದು ಕೇಳುತ್ತಾರಲ್ಲ, ಆಗೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಇತ್ತು, ಮುಂಬಾಗಿಲಿನ ಸಮೇತ ಇತ್ತು. ಆ ಬೀದಿಯಲ್ಲಿ ಈಗ ಜಗಲಿಯಿರುವ ಮನೆಗಳನ್ನು ಒಂದು ಕೈಯಲ್ಲಿ ಎಣಿಸಬಹುದು. ಪುಟ್ಟಿ ಅಲ್ಲಿಗೆ ಹೋಗುತ್ತಾಳೆ ಎಂದು ಓದಿದಾಗ ನನಗೆ ಆದ ಸಂತೋಷ ಏಕೆ ಎಂದು ನಿಮಗೆ ಅರ್ಥವಾಗಲಿ ಎಂದೇ ಇದನ್ನು ಹೇಳಿದೆ.

ನೀನು ಕೇಳಿದ್ದು ಜಾಗಗಳ ವಿಷಯ, ಅದನ್ನು ಹೇಳದೆ ಇಷ್ಟು ದೂರ ಬಂದೆ. ಮೊದಲು ಆ ಹೂವಿನ ಅಂಗಡಿ. ಬೋಣಿಯಾಗುವ ಮುಂಚೆ ಯಾರಾದರೂ ಅಂಗಡಿಯ ಎದುರು ಕ್ಯಾಮೆರಾ ಹಿಡಿದು ನಿಂತರೆ ಯಾವ ವ್ಯಾಪಾರಿಗೂ ಸಿಟ್ಟು ಬರುತ್ತದೆ. ಎರಡು ಮೊಳ ಮಲ್ಲಿಗೆ ಕೊಂಡು ಬೋಣಿ ಮಾಡಿಸಿ, ‘ಅಣ್ಣ, ಒಂದು ಫೋಟೋ ತೆಗೆದುಕೊಳ್ಳಲೇ’ ಎಂದು ಕೇಳಲಿ. ಬೇಡ ಎಂದರೆ ಮುಂದೆ ಹೋಗಲಿ. ಮಾರನೆಯ ವಾರ ಒಂದು ಪ್ರಿಂಟ್ ತೆಗೆದುಕೊಂಡು ಹೋಗಿ ಕೊಟ್ಟರೆ ಆ ಸಾಲಿನವರೆಲ್ಲ ಅವಳನ್ನು ಗುರುತು ಹಿಡಿಯುತ್ತಾರೆ.

ಇನ್ನು ಬೆಳಕು. ಒಳ್ಳೆಯ ಜಾಗ ಎನ್ನುವುದು ಅರ್ಧ ಜಾಗ, ಅರ್ಧ ಹೊತ್ತು. ಸಯ್ಯಾಜಿರಾವ್ ರಸ್ತೆ ಉತ್ತರ ದಕ್ಷಿಣವಾಗಿ ಹೋಗುವುದರಿಂದ ಅದಕ್ಕೆ ಮುಖ ಮಾಡಿದ ಮಾರುಕಟ್ಟೆಯ ಅಂಗಡಿಗಳ ಮೇಲೆ ಬೆಳಗಿನ ಬಿಸಿಲು ನೇರವಾಗಿ ಬೀಳುತ್ತದೆ, ಮಧ್ಯಾಹ್ನದ ಮೇಲೆ ಅಲ್ಲಿ ನೆರಳು. ಅರಮನೆಯೂ ಪೂರ್ವಕ್ಕೇ ಮುಖ ಮಾಡಿರುವುದರಿಂದ ಬೆಳಿಗ್ಗೆ ಚೆನ್ನ. ಸಂಜೆ ಸೂರ್ಯ ಅದರ ಬೆನ್ನಿಗೆ ಹೋಗಿ ಮುಂಭಾಗ ಕಪ್ಪಾಗುತ್ತದೆ. ಪೂರ್ವ ಪಶ್ಚಿಮವಾಗಿ ಹೋಗುವ ಅಡ್ಡರಸ್ತೆಗಳಲ್ಲಿ ತಿಂಗಳನ್ನು ನೋಡಬೇಕು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ದಕ್ಷಿಣಮುಖದ ಜಗಲಿಗಳಿಗೆ ದಿನವಿಡೀ ಓರೆ ಬಿಸಿಲು ಸಿಗುತ್ತದೆ. ನಮ್ಮೂರು ಸಮಭಾಜಕಕ್ಕೆ ಹತ್ತಿರವಿರುವುದರಿಂದ ಏಪ್ರಿಲ್ ಕೊನೆಯಲ್ಲಿ ಸೂರ್ಯ ಮಧ್ಯಾಹ್ನ ನಡುನೆತ್ತಿಗೆ ಬಂದು, ಜೂನಿನಲ್ಲಿ ನೆತ್ತಿಯನ್ನೂ ದಾಟಿ ಉತ್ತರಕ್ಕೆ ಸರಿಯುತ್ತಾನೆ, ಆಗ ಉತ್ತರಮುಖದ ಮನೆಗಳ ಸರದಿ. ಎಂಟೂವರೆಯ ನಂತರ ಬೆಳಕು ಗಡುಸಾಗುತ್ತದೆ, ಮನೆಗೆ ಬಂದು ತಿಂಡಿ ತಿನ್ನಲಿ.

ಹೊಸ ಬೀದಿಗೆ ಮೊದಲ ದಿನ ಕ್ಯಾಮೆರಾ ಇಲ್ಲದೆ ಹೋಗಿ ಬರಲಿ. ಯಾರ ಮನೆಯ ಮುಂದೆ ಎಷ್ಟು ಹೊತ್ತಿಗೆ ಬಿಸಿಲು, ಎಲ್ಲಿ ಚರಂಡಿಯ ಚಪ್ಪಡಿ ಹೋಗಿದೆ, ಯಾವ ಅಜ್ಜಿ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಾರೆ, ಎಲ್ಲವನ್ನೂ ನೋಡಿಕೊಂಡು ಬರಲಿ. ನಮ್ಮ ಊರಿನಲ್ಲೇ 1923ರಲ್ಲಿ ಹುಟ್ಟಿ ಪತ್ರಿಕಾ ಛಾಯಾಗ್ರಹಣದಲ್ಲಿ ಹೆಸರು ಮಾಡಿದ, ಪದ್ಮಶ್ರೀ ಪಡೆದ ಟಿ.ಎಸ್. ಸತ್ಯನ್ ಅವರು ತೆಗೆದ ಸಾಮಾನ್ಯ ಜನರ, ಮಕ್ಕಳ ಚಿತ್ರಗಳನ್ನು ಅವಳು ನೋಡಿದರೆ, ಎಲ್ಲರೂ ಹೋಗುವ ಜಾಗಕ್ಕೇ ಹೋಗಬೇಕಿಲ್ಲ ಎಂದು ಅವಳಿಗೇ ಅನ್ನಿಸುತ್ತದೆ.

ಹಳೆಯ ಕಟ್ಟಡಗಳ ಕೆಳಗೆ ನಿಲ್ಲುವುದು ಬೇಡ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಹೋದರು, 2016ರಲ್ಲಿ ಮಾರುಕಟ್ಟೆಯ ಉತ್ತರ ದ್ವಾರದ ಕಡೆಯೂ ಕುಸಿಯಿತು. ಅವುಗಳನ್ನು ಎದುರು ಬದಿಯಿಂದಲೇ ತೆಗೆಯಲಿ.

ದೊಡ್ಡ ಗಡಿಯಾರಕ್ಕೆ ಮಾತ್ರ ಒಬ್ಬಳೇ ಹೋಗುವುದು ಬೇಡ. 1927ರಲ್ಲಿ ಕಟ್ಟಿದ ಆ ಗೋಪುರ 75 ಅಡಿ ಎತ್ತರವಿದೆ, ಅಂಕಿಗಳು ಕನ್ನಡದಲ್ಲಿವೆ, ಅವಳಿಗೆ ಖಂಡಿತ ಇಷ್ಟವಾಗುತ್ತದೆ; ಆದರೆ ಅದನ್ನು ಪೂರ್ತಿ ಹಿಡಿಸಲು ಯಾರಾದರೂ ತಲೆಯೆತ್ತಿ ಹಿಂದೆ ಹಿಂದೆ ಹೋಗುತ್ತಾರೆ, ಹಿಂದೆ ಬಸ್ಸು ಆಟೋಗಳು. ಇದಕ್ಕೆ ನಾನು ಕಂಡುಕೊಂಡ ಉಪಾಯ ಒಂದೇ: ಮೊದಲೇ ಅತಿ ದೂರದಲ್ಲಿ, ಗೋಡೆಗೆ ಬೆನ್ನು ಕೊಟ್ಟು ನಿಂತು, ಅಲ್ಲಿಂದ ಮುಂದಕ್ಕೆ ಬರುತ್ತಾ ಚಿತ್ರವನ್ನು ಕೂಡಿಸಿಕೊಳ್ಳಬೇಕು.

ಈ ಭಾನುವಾರ ಆರೂವರೆಗೆ ನಾನು ಚಿಕ್ಕ ಗಡಿಯಾರದ ಹತ್ತಿರ ಬಂದಿರುತ್ತೇನೆ, ಪುಟ್ಟಿಯನ್ನು ಅಲ್ಲಿಗೆ ಕಳುಹಿಸು. ಮಾರುಕಟ್ಟೆ ಮುಗಿಸಿ ಅಗ್ರಹಾರಕ್ಕೆ ನಡೆದುಕೊಂಡೇ ಹೋಗೋಣ. ಅವಳು ಚಿತ್ರ ತೆಗೆಯುವಷ್ಟು ಹೊತ್ತು ನಾನು ಅವಳ ಬೆನ್ನ ಹಿಂದೆ ರಸ್ತೆಯ ಕಡೆ ತಿರುಗಿ ನಿಂತಿರುತ್ತೇನೆ.